ಹೋಟೆಲ್ ಕ್ಯಾಲಿಫೋರ್ನಿಯಾದಲ್ಲಿ ಸೈತಾನ ಇಲ್ಲ, ಟೇಪಿನ ತುಂಡುಗಳಿವೆ

ರೆಕಾರ್ಡಿಂಗ್ ಬಗ್ಗೆ ಏನಾದರೂ ಕೇಳಿ ಅಂದರೆ ಬರುವ ಪತ್ರಗಳಲ್ಲಿ ಅರ್ಧ ಈಗಲ್ಸ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಬಗ್ಗೆ. ಅದರಲ್ಲೂ ಮುಕ್ಕಾಲು ಪಾಲು ಒಂದೇ ಹಾಡಿನ ಬಗ್ಗೆ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ, ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬ್ಯಾಂಡ್ ಯಾವ ಊರಿನದು, ಯಾರು ಏನು ನುಡಿಸುತ್ತಿದ್ದರು ಅಂತ ಮೊದಲಿನಿಂದ ಹೇಳುವುದಿಲ್ಲ. ಅಷ್ಟು ಗೊತ್ತಿರುವವರೇ ಬರೆಯುತ್ತಿದ್ದೀರಿ.

‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡು ಸೈತಾನನ ಚರ್ಚಿನ ಬಗ್ಗೆ ಬರೆದದ್ದಂತೆ. ಆಲ್ಬಮ್ಮಿನ ಒಳಗಿನ ಫೋಟೊದಲ್ಲಿ ಬಾಲ್ಕನಿ ಮೇಲೆ ಆ ಚರ್ಚಿನ ಸ್ಥಾಪಕನೇ ನಿಂತಿದ್ದಾನಂತೆ. ಹಿಂದುಮುಂದಾಗಿ ಹಾಕಿದರೆ ಸೈತಾನನ ಹೆಸರು ಕೇಳುತ್ತದೆ ಅಂತಲೂ ವಾಟ್ಸಾಪ್‌ನಲ್ಲಿ ಬಂದಿದೆ. ಮಗಳು ದಿನಾ ಇದನ್ನೇ ಕೇಳುತ್ತಾಳೆ. ನಿಜವೇ? (ದಾವಣಗೆರೆಯ ಓದುಗರು)

ಮಗಳು ಕೇಳಲಿ ಬಿಡಿ. ಆ ಮೆಸೇಜನ್ನು ನೀವು ಡಿಲೀಟ್ ಮಾಡಿ.

ಸೈತಾನನ ಚರ್ಚ್ ಅನ್ನೋದು ಇರುವುದೇನೋ ನಿಜ. ಆಂಟನ್ ಲವೇ ಅನ್ನುವವನು 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಶುರು ಮಾಡಿದ. ಯಾವ ಹೋಟೆಲಿನಲ್ಲೂ ಅಲ್ಲ, ತನ್ನ ಮನೆಯಲ್ಲಿ. ಆ ಮನೆ ಇದ್ದದ್ದು ಕ್ಯಾಲಿಫೋರ್ನಿಯಾ ಸ್ಟ್ರೀಟ್ ಅನ್ನುವ ರಸ್ತೆಯಲ್ಲಿ. ಅಷ್ಟೇ ಸಾಕಾಯಿತು, ನಮ್ಮ ಜನ ಸರಿಯಾಗಿ ಸೇರಿಸಿ ಹೊಲಿದರು. ಹಾಡಿನಲ್ಲಿ 1969 ಅಂತ ಬರುತ್ತದೆ, ಅದೇ ಚರ್ಚ್ ಹುಟ್ಟಿದ ವರ್ಷ ಅಂತ ಇನ್ನೊಂದು ತೇಪೆ. ಇಸವಿ ಕೂಡ ಸರಿಯಾಗಿ ನೋಡಿಲ್ಲ, ನೋಡಿ.

ಫೋಟೊ ವಿಷಯ. ಹೊರಗಿನ ಚಿತ್ರ ಬೆವರ್ಲಿ ಹಿಲ್ಸ್ ಹೋಟೆಲಿನದು. ಡೇವಿಡ್ ಅಲೆಕ್ಸಾಂಡರ್ ಅನ್ನುವ ಫೋಟೊಗ್ರಾಫರ್ ಮತ್ತು ವಿನ್ಯಾಸಕಾರ ಕಾಷ್, ಸನ್‌ಸೆಟ್ ಬುಲೆವಾರ್ಡ್ ಪಕ್ಕದಲ್ಲಿ ಕ್ರೇನಿನ ತೊಟ್ಟಿಲಿಗೆ ಹತ್ತಿ, ಸಂಜೆ ಟ್ರಾಫಿಕ್ಕಿನ ಮೇಲೆ ಜೋಲಾಡುತ್ತಾ ತೆಗೆದದ್ದು. ಒಳಗಿನ ಲಾಬಿ ಬೇರೆಯದೇ ಕಟ್ಟಡ, ಹಾಲಿವುಡ್ಡಿನ ಲೀಡೊ ಹೋಟೆಲ್. ಅವತ್ತು ಫೋಟೊಗೆ ಬೇಕು ಅಂತ ಒಂದಷ್ಟು ಜನರನ್ನು ಕರೆಸಿ ನಿಲ್ಲಿಸಿದ್ದರು. ಬಾಲ್ಕನಿಯ ಮಬ್ಬಿನಲ್ಲಿ ಕಾಣುವುದು ಹಾಗೆ ಕರೆಸಿದವರಲ್ಲೇ ಒಬ್ಬರು. ಮುಖ ಸ್ಪಷ್ಟವಾಗಿ ಕಾಣದ ಫೋಟೊದಲ್ಲಿ ಯಾರನ್ನು ಬೇಕಾದರೂ ಕಾಣಬಹುದು.

ಹಿಂದುಮುಂದಾಗಿ ಕೇಳುವ ಕಥೆಗೆ ಒಂದು ಪರೀಕ್ಷೆ ಹೇಳುತ್ತೇನೆ. ಆ ತುಣುಕನ್ನು ಏನೂ ಹೇಳದೆ ಪಕ್ಕದ ಮನೆಯವರಿಗೆ ಕೇಳಿಸಿ. ಏನು ಕೇಳಿತು ಅಂತ ಬರೆದುಕೊಡಲು ಹೇಳಿ. ಒಬ್ಬರೂ ಸೈತಾನ ಅಂತ ಬರೆಯುವುದಿಲ್ಲ. ಅಕ್ಷರ ಮೊದಲೇ ಪರದೆ ಮೇಲೆ ತೋರಿಸಿ ಆಮೇಲೆ ಕೇಳಿಸಿದರೆ ಮಾತ್ರ ಎಲ್ಲರಿಗೂ ಕೇಳುತ್ತದೆ. ಇದನ್ನೇ ವಿಡಿಯೊ ಮಾಡಿ ದುಡ್ಡು ಮಾಡಿಕೊಳ್ಳುವವರಿದ್ದಾರೆ.

ನನಗೆ ಸಿಟ್ಟು ಬರುವುದು ಸುಳ್ಳಿಗಲ್ಲ. ನಿಜವಾದ ಕಥೆ ಇದಕ್ಕಿಂತ ಎಷ್ಟೋ ಚೆನ್ನಾಗಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಈ ಹಾಡಿನಲ್ಲಿ ಮೊದಲು ಹುಟ್ಟಿದ್ದು ಮಾತಲ್ಲ, ಮಟ್ಟು. ಮ್ಯಾಲಿಬು ಸಮುದ್ರದ ದಡದಲ್ಲಿ ಬಾಡಿಗೆ ಮನೆ ಹಿಡಿದಿದ್ದ ಗಿಟಾರಿಸ್ಟ್ ಡಾನ್ ಫೆಲ್ಡರ್, 12 ತಂತಿಯ ಗಿಟಾರಿನಲ್ಲಿ ಒಂದು ಸ್ವರ ಸರಣಿ ಕಂಡುಕೊಂಡ. ಮನೆಯಲ್ಲಿದ್ದ ನಾಲ್ಕು ಟ್ರ್ಯಾಕಿನ ಟೀಕ್ ಮೆಷಿನ್ನಿನಲ್ಲಿ, ಒಂದು ಹಳೇ ಡ್ರಮ್ ಯಂತ್ರದ ತಾಳ ಹಾಕಿಕೊಂಡು, ಬಾಸ್ ಸೇರಿಸಿ ರೆಕಾರ್ಡ್ ಮಾಡಿದ. ತಾನೂ ಹೊಸದಾಗಿ ಸೇರಿದ ಜೋ ವಾಲ್ಷ್ ಕೂಡ ಸೇರಿ ನುಡಿಸಬಹುದು ಅಂತ ಕೊನೆಯಲ್ಲಿ ಎರಡು ಗಿಟಾರಿನ ಜುಗಲ್‌ಬಂದಿಯನ್ನೂ ಆಗಲೇ ಇಟ್ಟಿದ್ದ. ಅಂಥವೇ ಇನ್ನಷ್ಟು ಮಟ್ಟುಗಳ ಜೊತೆ ಕ್ಯಾಸೆಟ್ಟಿಗೆ ಹಾಕಿ ಗೆಳೆಯರಿಗೆ ಹಂಚಿದ. ಬ್ಯಾಂಡಿನ ಹಾಡುಗಾರ, ಡ್ರಮ್ಮರ್ ಡಾನ್ ಹೆನ್ಲಿಗೆ ಹಿಡಿಸಿದ್ದು ಇದು. ಆಗ ಇದಕ್ಕೆ ಇಟ್ಟಿದ್ದ ಕರೆಯುವ ಹೆಸರು ‘ಮೆಕ್ಸಿಕನ್ ರೆಗೆ’. ಹೋಟೆಲೂ ಇಲ್ಲ, ಕ್ಯಾಲಿಫೋರ್ನಿಯಾವೂ ಇಲ್ಲ. ಸೈತಾನ ಎಲ್ಲಿಂದ ಬಂದ?

ಮಾತು ಬರೆದದ್ದು ಆಮೇಲೆ, ಹೆನ್ಲಿ ಮತ್ತು ಬ್ಯಾಂಡಿನ ಇನ್ನೊಬ್ಬ ಹಾಡುಗಾರ ಗ್ಲೆನ್ ಫ್ರೇ ಸೇರಿಕೊಂಡು. ರಾತ್ರಿ ಹೊತ್ತು ಮರುಭೂಮಿಯ ರಸ್ತೆಯಲ್ಲಿ ಬರುವವನಿಗೆ ದೂರದಲ್ಲಿ ಲಾಸ್ ಏಂಜಲೀಸಿನ ಬೆಳಕು ಕಾಣುತ್ತದಲ್ಲ, ಅಲ್ಲಿಂದ ಶುರು. ಹೊರಗಿನ ಊರುಗಳಿಂದ ಬಂದ ಹುಡುಗರು. ದುಡ್ಡು, ಹೆಸರು, ಅಮಲು ಎಲ್ಲ ಒಟ್ಟಿಗೆ ಸಿಕ್ಕಿತು. ಒಳಗೆ ಹೋದ ಮೇಲೆ ಹೊರಗೆ ಬರುವ ದಾರಿ ಕಾಣದು. ಹೆನ್ಲಿ ಇದನ್ನು ಹಲವು ಸಲ ಹೇಳಿದ್ದಾನೆ. ಬರೆದವನೇ ಹೇಳಿದರೂ ನಂಬದವರಿಗೆ ನಾನು ಏನು ಹೇಳಲಿ?

ಇನ್ನು ರೆಕಾರ್ಡಿಂಗ್. ಮೊದಲು ಫೆಲ್ಡರ್ ಕಟ್ಟಿದ ಇ ಮೈನರ್ ಶ್ರುತಿಯಲ್ಲೇ ಮಾಡಿದರು. ಹೆನ್ಲಿಯ ಗಂಟಲಿಗೆ ತೀರಾ ಮೇಲಾಯಿತು, ಕಿರುಚಿದ ಹಾಗೆ ಕೇಳಿಸಿತು. ಇಳಿಸಿ ಇಳಿಸಿ ಬಿ ಮೈನರ್‌ಗೆ ಬಂದು ನಿಂತರು. ಮತ್ತೆ ಮೊದಲಿಂದ. ಕೊನೆಗೆ ಹಾಡು ಕುದುರಿದ್ದು ಮಯಾಮಿಯ ಕ್ರೈಟೀರಿಯಾ ಸ್ಟುಡಿಯೊದಲ್ಲಿ, 1976ರಲ್ಲಿ. ಕೊನೆಯ ಗಿಟಾರ್ ಸೋಲೊ ನುಡಿಸುವಾಗ ಫೆಲ್ಡರ್, ವಾಲ್ಷ್ ಇಬ್ಬರೂ ಕೈಗೆ ಬಂದದ್ದನ್ನು ನುಡಿಸತೊಡಗಿದರು. ಹೆನ್ಲಿ ಬೇಡ ಅಂದ. ಡೆಮೊದಲ್ಲಿ, ಅಂದರೆ ಫೆಲ್ಡರ್ ಮೊದಲು ಹಂಚಿದ್ದ ಕ್ಯಾಸೆಟ್ಟಿನಲ್ಲಿ, ಹೇಗಿತ್ತೋ ಹಾಗೇ ಬೇಕು ಅಂತ ಹಟ ಹಿಡಿದ. ಡೆಮೊ ಕ್ಯಾಸೆಟ್ ಇದ್ದದ್ದು ದೇಶದ ಆ ತುದಿಯಲ್ಲಿ, ಫೆಲ್ಡರ್ ಮನೆಯಲ್ಲಿ. ಅವನು ಮನೆಕೆಲಸದವಳಿಗೆ ಫೋನ್ ಮಾಡಿದ. ಆಕೆ ಕ್ಯಾಸೆಟ್ ಹುಡುಕಿ, ಪ್ಲೇಯರಿಗೆ ಹಾಕಿ, ಫೋನನ್ನು ಸ್ಪೀಕರಿನ ಮುಂದೆ ಹಿಡಿದಳು. ಇತ್ತ ಮಯಾಮಿಯಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡು, ತಾನೇ ಕಟ್ಟಿದ ಸೋಲೊವನ್ನು ಫೆಲ್ಡರ್ ಕೂತು ಮತ್ತೆ ಕಲಿತ. ನಮ್ಮ ಹುಡುಗರು ಇವತ್ತು ಉಸಿರು ಹಿಡಿದು ಕಲಿಯುವ ಸೋಲೊ ಇದೆಯಲ್ಲ, ಅದು ಫೋನಿನಲ್ಲಿ ಬಂದದ್ದು.

ಇಷ್ಟಾದರೂ ಒಂದೇ ಉಸಿರಿಗೆ ನುಡಿಸಿದ ಹಾಡು ಇದಲ್ಲ. ಹಲವು ಟೇಕ್ ತೆಗೆದು, ಒಂದೊಂದರಲ್ಲಿ ಚೆನ್ನಾಗಿ ಬಂದ ಭಾಗ ಕತ್ತರಿಸಿ ಜೋಡಿಸಿದರು. ಎರಡು ಇಂಚು ಅಗಲದ ಮಾಸ್ಟರ್ ಟೇಪಿನಲ್ಲಿ 33 ಕಡೆ ಕತ್ತರಿಸಿ ಅಂಟಿಸಿದ್ದೆ ಅಂತ ನಿರ್ಮಾಪಕ ಬಿಲ್ ಸಿಮ್ಜಿಕ್ ಹೇಳಿದ್ದಾನೆ. ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ಬೆಳೆದವರಿಗೆ ಇದು ಏನು ಕೆಲಸ ಅಂತ ಅಂದಾಜು ಸಿಗುವುದಿಲ್ಲ. ರೀಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ಗೊರಗೊರ ಅನ್ನುವ ಸದ್ದಿನಲ್ಲಿ ಡ್ರಮ್ಮಿನ ಏಟು ಎಲ್ಲಿ ಶುರು ಅಂತ ಕಿವಿಯಲ್ಲೇ ಹಿಡಿಯಬೇಕು. ಅಲ್ಲಿ ಮೇಣದ ಪೆನ್ಸಿಲಿನಲ್ಲಿ ಗುರುತು. ಟೇಪನ್ನು ಲೋಹದ ದಿಮ್ಮಿಯ ತೋಡಿನಲ್ಲಿ ಕೂರಿಸಿ ಬ್ಲೇಡಿನಲ್ಲಿ ಕುಯ್ಯಬೇಕು, ಇನ್ನೊಂದು ಟೇಕಿನ ತುಂಡು ತಂದು ಸಂದಿಲ್ಲದಂತೆ ಸೇರಿಸಬೇಕು, ಹಿಂಬದಿಗೆ ಅಂಟುಪಟ್ಟಿ ಒತ್ತಬೇಕು. ಎಲ್ಲ ಟ್ರ್ಯಾಕೂ ಒಂದೇ ಏಟಿಗೆ ಕತ್ತರಿಸಿ ಹೋಗುತ್ತವೆ. ಗಿಟಾರ್ ಮಾತ್ರ ಕುಯ್ಯುತ್ತೇನೆ, ಡ್ರಮ್ ಇರಲಿ ಅನ್ನುವ ಹಾಗಿಲ್ಲ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಇಂಚು ತಪ್ಪಿದರೆ ಸೆಕೆಂಡಿನ 30ನೇ ಒಂದು ಭಾಗ ತಪ್ಪಿತು, ತಾಳ ಕುಂಟುತ್ತದೆ. ಈ ಹಾಡು ನೀವು ಎಷ್ಟು ಸಲ ಕೇಳಿದ್ದೀರಿ? ಒಂದಾದರೂ ಜೋಡಣೆ ಕಿವಿಗೆ ಸಿಕ್ಕಿದೆಯೇ?

ಅಷ್ಟಕ್ಕೂ ಸೈತಾನ ಬೇಕೇ ಬೇಕು ಅನ್ನುವವರಿಗೆ ಒಂದು ಸಮಾಧಾನ. ಆ ಹೊತ್ತಿಗೆ ಅದೇ ಸ್ಟುಡಿಯೊದ ಇನ್ನೊಂದು ಕೋಣೆಯಲ್ಲಿ, ಕರಾಳ ಹಾಡುಗಳಿಗೆ ಹೆಸರಾದ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ರೆಕಾರ್ಡಿಂಗ್ ನಡೆಯುತ್ತಿತ್ತು. ಅವರ ಗದ್ದಲ ಗೋಡೆ ದಾಟಿ ಬಂದು ಈಗಲ್ಸ್‌ನವರು ಹಲವು ಸಲ ಕೆಲಸ ನಿಲ್ಲಿಸಿ ಕೂತರು. ಸೈತಾನನ ಕಾಟ ಅಂದರೆ ಅಷ್ಟೇ.

ಹಾಗಾದರೆ ಮೆಕ್ಸಿಕೋದಲ್ಲಿರುವ ಹೋಟೆಲ್ ಕ್ಯಾಲಿಫೋರ್ನಿಯಾ? ನಾವು ಹೋಗಿ ಫೋಟೊ ತೆಗೆಸಿಕೊಂಡು ಬಂದಿದ್ದೇವೆ. (ಮೈಸೂರು)

ಫೋಟೊ ಚೆನ್ನಾಗಿ ಬಂದಿದ್ದರೆ ಇಟ್ಟುಕೊಳ್ಳಿ. ಟೋಡೋಸ್ ಸ್ಯಾಂಟೋಸಿನ ಆ ಹೋಟೆಲಿಗೂ ಹಾಡಿಗೂ ಸಂಬಂಧ ಇಲ್ಲ. 2017ರಲ್ಲಿ ಬ್ಯಾಂಡ್ ಕೋರ್ಟಿಗೂ ಹೋಯಿತು, ಮುಂದಿನ ವರ್ಷ ರಾಜಿಯಾಯಿತು.

ಇದು ಜೆಥ್ರೋ ಟಲ್ ಬ್ಯಾಂಡಿನ 1969ರ ಹಾಡಿನಿಂದ ಕದ್ದದ್ದಲ್ಲವೇ? (ಹುಬ್ಬಳ್ಳಿ)

ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸಾಲು ಹತ್ತಿರ ಇದೆ, ಅಷ್ಟೇ. ಎರಡೂ ಬ್ಯಾಂಡ್ 1972ರಲ್ಲಿ ಒಟ್ಟಿಗೆ ಪ್ರವಾಸ ಮಾಡಿದ್ದು ನಿಜ. ಆಗ ಮಟ್ಟು ಕಟ್ಟಿದ ಫೆಲ್ಡರ್ ಇನ್ನೂ ಈಗಲ್ಸ್ ಸೇರಿರಲೇ ಇಲ್ಲ, ಸೇರಿದ್ದು 1974ರಲ್ಲಿ. ಟಲ್‌ನ ಹಾಡುಗಾರ ಇಯಾನ್ ಆಂಡರ್ಸನ್ ಅವರೇ ದೂರು ಹೇಳುತ್ತಿಲ್ಲ. ನಿಮಗೇಕೆ?

ಈಗಲ್ಸ್ ಅನ್ನು ಕಂಟ್ರಿ-ರಾಕ್ (ಅಮೆರಿಕದ ಹಳ್ಳಿಗಾಡಿನ ಸಂಗೀತ ಬೆರೆತ ರಾಕ್) ಅನ್ನುತ್ತಾರೆ. ನನಗೆ ಅದರಲ್ಲಿ ಕಂಟ್ರಿ ಎಲ್ಲೂ ಕೇಳಲಿಲ್ಲ. (ಮಂಗಳೂರು)

ನೀವು 1976ರಿಂದ ಶುರು ಮಾಡಿದ್ದೀರಿ, ಅದಕ್ಕೆ. 1972ರ ಮೊದಲ ಆಲ್ಬಮ್ ಹಾಕಿ. ‘ಟೇಕ್ ಇಟ್ ಈಸಿ’ಯ ಕೊನೆಯ ಭಾಗದಲ್ಲಿ ಹಿಂದೆ ಟಣಟಣ ಅಂತ ದುಪ್ಪಟ್ಟು ವೇಗದಲ್ಲಿ ಓಡುವುದು ಬ್ಯಾಂಡಿನಲ್ಲಿದ್ದ ಬರ್ನಿ ಲೆಡನ್‌ನ ಬ್ಯಾಂಜೊ, ಕಂಟ್ರಿ ಸಂಗೀತದ ತಂತಿವಾದ್ಯ. ಅದನ್ನು ಸೇರಿಸು ಅಂದವನು ಇಂಗ್ಲೆಂಡಿನ ಗ್ಲಿನ್ ಜಾನ್ಸ್, ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಅವರ ಆಲ್ಬಮ್ ಮಾಡಿದವನು. ಅವನಿಗೆ ಮೊದಮೊದಲು ಈ ಬ್ಯಾಂಡ್ ಹಿಡಿಸಿರಲಿಲ್ಲ. ಗದ್ದಲದ ರಾಕ್ ನುಡಿಸುವ ಇನ್ನೊಂದು ಗುಂಪು ಅಂದುಕೊಂಡಿದ್ದ. ರಿಹರ್ಸಲ್ ನಡುವೆ ನಾಲ್ವರೂ ಬರೀ ಮರದ ಗಿಟಾರ್ ಹಿಡಿದು ಒಟ್ಟಿಗೆ ಹಾಡಿದಾಗ ಮನಸ್ಸು ಬದಲಾಯಿತು. ಈ ಬ್ಯಾಂಡಿನ ಬಂಡವಾಳ ಆ ನಾಲ್ಕು ಗಂಟಲು. ಗಿಟಾರ್ ಆಮೇಲಿನದು.

ಫ್ರೇಗೂ ಹೆನ್ಲಿಗೂ ರಾಕ್ ಜಾಸ್ತಿ ಬೇಕಿತ್ತು. ಮೂರನೇ ಆಲ್ಬಮ್ ಅರ್ಧದಲ್ಲಿ ಜಾನ್ಸ್‌ನನ್ನು ಬಿಟ್ಟು ಸಿಮ್ಜಿಕ್ ಹತ್ತಿರ ಹೋದರು. ತಮಾಷೆ ನೋಡಿ, ಅದೇ ಆಲ್ಬಮ್ಮಿನಲ್ಲಿ ಜಾನ್ಸ್ ಮಾಡಿಟ್ಟು ಹೋಗಿದ್ದ ‘ಬೆಸ್ಟ್ ಆಫ್ ಮೈ ಲವ್’ 1975ರಲ್ಲಿ ಅವರ ಮೊದಲ ನಂಬರ್ ಒನ್ ಆಯಿತು. ಆ ವರ್ಷದ ಕೊನೆಗೆ ಲೆಡನ್, ಫ್ರೇ ತಲೆ ಮೇಲೆ ಬಿಯರ್ ಸುರಿದು ಹೊರಟುಹೋದ. ಬ್ಯಾಂಜೊ ಅವನ ಜೊತೆಗೇ ಹೋಯಿತು. 1977ರಲ್ಲಿ ಬಾಸ್ ನುಡಿಸುತ್ತಿದ್ದ ರಾಂಡಿ ಮೈಸ್ನರ್ ಕೂಡ ಹೋದ. ‘ಟೇಕ್ ಇಟ್ ಟು ದ ಲಿಮಿಟ್’ ಕೊನೆಯ ತಾರಸ್ವರವನ್ನು ರಾತ್ರಿ ರಾತ್ರಿ ಹಾಡಿ ಬೇಸತ್ತಿದ್ದ ಮನುಷ್ಯ. ಅವನ ಜಾಗಕ್ಕೆ ಬಂದ ಟಿಮತಿ ಶ್ಮಿಟ್, ಹಿಂದೆ ಪೋಕೊ ಬ್ಯಾಂಡಿನಲ್ಲೂ ಮೈಸ್ನರ್ ಬಿಟ್ಟ ಜಾಗಕ್ಕೇ ಬಂದವನು. ನನ್ನನ್ನು ಕೇಳಿದರೆ ಮೊದಲ ಎರಡು ಆಲ್ಬಮ್ ಎದುರು ಆಮೇಲೆ ಬಂದ ‘ದ ಲಾಂಗ್ ರನ್’ ಆಲ್ಬಮ್ ಯಾಕೆ ಬೇಕು? ಇದು ನನ್ನ ಪಕ್ಷಪಾತ, ಪತ್ರ ಬರೆದು ಜಗಳಕ್ಕೆ ಬರಬೇಡಿ.

ಮೈಕೆಲ್ ಜಾಕ್ಸನ್‌ಗಿಂತ ಇವರ ಆಲ್ಬಮ್ ಜಾಸ್ತಿ ಮಾರಾಟವಾಗಿದೆಯೇ? (ಕಲಬುರಗಿ)

ಅಮೆರಿಕದಲ್ಲಿ ಮಾತ್ರ, ಹೌದು. 1976ರ ‘ದೇರ್ ಗ್ರೇಟೆಸ್ಟ್ ಹಿಟ್ಸ್’ಗೆ 2018ರಲ್ಲಿ 38 ಪ್ಲಾಟಿನಂ (ಒಂದು ಪ್ಲಾಟಿನಂ ಅಂದರೆ ಹತ್ತು ಲಕ್ಷ ಪ್ರತಿ) ಲೆಕ್ಕ ಸಿಕ್ಕಿತು. ಅದರಲ್ಲಿ ಸ್ಟ್ರೀಮಿಂಗ್ ಕೂಡ ಸೇರಿದೆ, 1500 ಸಲ ಕೇಳಿದರೆ ಒಂದು ಆಲ್ಬಮ್ ಮಾರಿದಂತೆ. ಜಗತ್ತಿನ ಲೆಕ್ಕದಲ್ಲಿ ‘ಥ್ರಿಲ್ಲರ್’ ಮುಂದಿದೆ.

ಸ್ಪೀಕರ್ ತೆಗೆದುಕೊಳ್ಳಲು ಬೆಂಗಳೂರಿನಲ್ಲಿ ಎಲ್ಲಿ ಹೋದರೂ ಹೋಟೆಲ್ ಕ್ಯಾಲಿಫೋರ್ನಿಯಾ ಲೈವ್ ಹಾಕಿ ತೋರಿಸುತ್ತಾರೆ. ಅದು ಒಳ್ಳೆಯ ಪರೀಕ್ಷೆಯೇ? ಯೂಟ್ಯೂಬಿನ 432 ಹರ್ಟ್ಸ್ ಆವೃತ್ತಿ ಆರೋಗ್ಯಕ್ಕೆ ಒಳ್ಳೆಯದಂತೆ?

ಅವರು ಹಾಕುವುದು 1994ರ ‘ಹೆಲ್ ಫ್ರೀಜಸ್ ಓವರ್’ ಧ್ವನಿಮುದ್ರಣ. ರೆಕಾರ್ಡಿಂಗ್ ಬಹಳ ಚೆನ್ನಾಗಿದೆ, ಅದೇ ತೊಂದರೆ. ಶುರುವಿನಲ್ಲಿ ನೈಲಾನ್ ತಂತಿಯ ಗಿಟಾರ್, ಆಮೇಲೆ ಧಬ್ ಅಂತ ದಪ್ಪ ಡ್ರಮ್ ಬೀಳುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಬಾಸ್ ಗುಮ್ಮೆನ್ನುವ ಕಳಪೆ ಸ್ಪೀಕರಿನಲ್ಲೂ ಅದು ಎದೆಗೆ ಬಡಿಯುತ್ತದೆ, ನೀವು ಪರ್ಸ್ ತೆಗೆಯುತ್ತೀರಿ. ನಿಮಗೆ ಚೆನ್ನಾಗಿ ಪರಿಚಯ ಇರುವ ಹಾಡು ಹಾಕಿಸಿ, ಅದರಲ್ಲೂ ಮನುಷ್ಯನ ಧ್ವನಿ ಮುಂದಿರುವುದನ್ನು. ಸಣ್ಣ ದನಿಯಲ್ಲಿಟ್ಟು ಕೇಳಿ. ಮಾತು ಸ್ಪಷ್ಟವಾಗಿದೆಯೇ ನೋಡಿ. ಕೇಬಲ್ ಬದಲಿಸಿದರೆ ಇನ್ನೂ ಚೆನ್ನಾಗುತ್ತದೆ ಸಾರ್ ಅಂದರೆ ಎದ್ದು ಬನ್ನಿ.

432 ಹರ್ಟ್ಸ್ ಬಗ್ಗೆ ಇದೇ ಕೊನೆ, ಮುಂದೆ ಉತ್ತರಿಸುವುದಿಲ್ಲ. ವಾದ್ಯಗಳಲ್ಲಿ ಎ ಸ್ವರವನ್ನು ಸಾಮಾನ್ಯವಾಗಿ 440 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 440 ಕಂಪನಕ್ಕೆ, ಶ್ರುತಿ ಮಾಡುತ್ತಾರೆ. ಯಾರೋ ಹಾಡನ್ನು ಸಾಫ್ಟ್‌ವೇರಿಗೆ ಹಾಕಿ ಅರ್ಧ ಸ್ವರದ ಸುಮಾರು ಮೂರನೇ ಒಂದು ಭಾಗ ತಗ್ಗಿಸಿ ಅಪ್‌ಲೋಡ್ ಮಾಡಿದ್ದಾರೆ. ಅದರಿಂದ ಬಿಪಿ ಇಳಿಯುವುದಿಲ್ಲ. ಮಾತ್ರೆ ನಿಲ್ಲಿಸಿದ್ದೇನೆ ಅಂತ ಒಬ್ಬರು ಬರೆದಿದ್ದಾರೆ. ದಯವಿಟ್ಟು ಇವತ್ತೇ ಡಾಕ್ಟರ ಹತ್ತಿರ ಹೋಗಿ.

ಗಿಟಾರ್ ಕಲಿಯುತ್ತಿದ್ದೇನೆ. ಹಾಡಿನ ಜೊತೆ ನುಡಿಸಿದರೆ ಕೂಡುತ್ತಿಲ್ಲ, ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲ ಒತ್ತುವುದು) ಹಿಡಿದು ಬೆರಳು ನೋಯುತ್ತಿದೆ. (ಶಿವಮೊಗ್ಗ)

ಮೊದಲು ನೀವು ಕೇಳುತ್ತಿರುವುದು ಮೇಲೆ ಹೇಳಿದ 432 ಅಲ್ಲ ತಾನೇ, ನೋಡಿಕೊಳ್ಳಿ. ಮೂಲ ಧ್ವನಿಮುದ್ರಣಕ್ಕೆ ಗಿಟಾರಿನ ಕತ್ತಿನ ಏಳನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ ಇ ಮೈನರ್, ಬಿ7, ಡಿ, ಎ, ಸಿ, ಜಿ, ಎ ಮೈನರ್, ಬಿ7 ಹಿಡಿಯಿರಿ. ಫೆಲ್ಡರ್ ಹೊಳೆಸಿಕೊಂಡ ಇ ಮೈನರ್ ಆಕಾರವೇ ಇದು, ಬಿ ಮೈನರ್‌ನಲ್ಲಿ ಕೇಳುತ್ತದೆ. ಸೋಲೊಗೆ ಈಗಲೇ ಕೈ ಹಾಕಬೇಡಿ. ಅದಕ್ಕೆ ಇಬ್ಬರು ಬೇಕು. ಮೊದಲು ಫೆಲ್ಡರ್, ಆಮೇಲೆ ವಾಲ್ಷ್, ಹಾಗೆ ಒಬ್ಬರಾದ ಮೇಲೊಬ್ಬರು ನುಡಿಸಿ ಕೊನೆಯಲ್ಲಿ ಒಟ್ಟಿಗೆ ಇಳಿಯುತ್ತಾರೆ. ಗಿಟಾರ್ ಹಿಡಿಯುವ ಗೆಳೆಯನೊಬ್ಬನನ್ನು ಹುಡುಕಿಕೊಳ್ಳಿ, ಕೊನೆಯ ಆ ಇಳಿಜಾರನ್ನು ಅರ್ಧ ವೇಗದಲ್ಲಿ ಇಬ್ಬರೂ ಸೇರಿ ಮಾಡಿ. ತಾಳ ತಪ್ಪಿದರೆ ತಪ್ಪು ನನ್ನದಲ್ಲ ಅಂತ ಇಬ್ಬರೂ ಹೇಳುತ್ತೀರಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ.