ಸುವಾಕ್ಕೆ ಬರುವ ಮುನ್ನ: ಫಿಜಿಯ ಗಾಳಿ, ಮಳೆ, ಕಡಲು

ಮುಂದಿನ ಜನವರಿಯಲ್ಲಿ ಫಿಜಿಯ ರಾಜಧಾನಿ ಸುವಾಕ್ಕೆ ಕೆಲಸದ ಮೇಲೆ ಬರುತ್ತಿದ್ದೀರೆಂದೂ, ಪತ್ನಿಯನ್ನೂ ಇನ್ನೂ ಶಾಲೆಗೆ ಸೇರದ ಇಬ್ಬರು ಮಕ್ಕಳನ್ನೂ ಜೊತೆಯಲ್ಲೇ ಕರೆತರುವ ಯೋಚನೆಯಿದೆಯೆಂದೂ ಬರೆದಿದ್ದೀರಿ. ಇಲ್ಲಿ ಮಳೆಗಾಲ ಯಾವಾಗ, ಚಂಡಮಾರುತಕ್ಕೆ ಎಷ್ಟು ಹೆದರಬೇಕು, ಮಕ್ಕಳನ್ನು ಕಡಲಿಗೆ ಇಳಿಸಬಹುದೇ ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಇಲ್ಲೇ ನೆಲೆಸಿರುವವನಾಗಿ ನನಗೆ ತಿಳಿದಷ್ಟನ್ನು ವಿವರವಾಗಿಯೇ ಬರೆಯುತ್ತೇನೆ. ನೀವು ಕುಂದಾಪುರದ ಕಡೆಯವರಾದ್ದರಿಂದ ಮಳೆಯಾಗಲಿ ಕಡಲಾಗಲಿ ನಿಮಗೆ ಹೊಸದಲ್ಲ. ಆದರೆ ಊರಿನ ಮಳೆಗಾಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಯಾವ ತಿಂಗಳು ಎಂಬುದಕ್ಕಿಂತ ಮೊದಲು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ನಾವು ದ್ವೀಪದ ಯಾವ ಮಗ್ಗುಲಲ್ಲಿದ್ದೇವೆ ಎಂಬ ಎರಡು ಸಂಗತಿಗಳನ್ನು ಕೇಳಿಕೊಳ್ಳಬೇಕಾಗುತ್ತದೆ.

ಫಿಜಿಯ ಮೇಲೆ ವರ್ಷದ ಬಹುಪಾಲು ಆಗ್ನೇಯ ದಿಕ್ಕಿನ ವಾಣಿಜ್ಯ ಮಾರುತ ಬೀಸುತ್ತದೆ. ತೆರೆದ ಸಾಗರದ ಮೇಲಿಂದ ತೇವ ಹೊತ್ತು ಬರುವ ಈ ಗಾಳಿ, ಮುಖ್ಯ ದ್ವೀಪವಾದ ವಿತಿ ಲೆವುವಿನ ನಡುವೆ 1,300 ಮೀಟರಿಗೂ ಮಿಕ್ಕಿ ಎದ್ದಿರುವ ಬೆಟ್ಟಸಾಲನ್ನು ಏರುವಾಗ ತನ್ನಲ್ಲಿದ್ದುದನ್ನೆಲ್ಲ ಆಗ್ನೇಯ ಮಗ್ಗುಲಲ್ಲೇ ಸುರಿಸಿಬಿಡುತ್ತದೆ. ಸುವಾ ಇರುವುದು ಆ ಮಗ್ಗುಲಲ್ಲಿ. ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವ ನಾಂದಿಯೂ ಕಬ್ಬಿನ ಊರಾದ ಲೌತೋಕಾವೂ ಬೆಟ್ಟದ ಆಚೆ, ಮಳೆನೆರಳಿನಲ್ಲಿವೆ. ಸುವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾದರೆ ನಾಂದಿಯಲ್ಲಿ ಅದು 2,000ವನ್ನೂ ಮುಟ್ಟುವುದಿಲ್ಲ. ವರ್ಷದ ಮೊತ್ತವನ್ನಷ್ಟೇ ನೋಡಿದರೆ ನಮ್ಮ ಕರಾವಳಿಯ ಮಳೆಯೇ ಸುವಾದ್ದಕ್ಕಿಂತ ಹೆಚ್ಚು. ಆದರೆ ಊರಿನಲ್ಲಿ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಉಳಿದ ತಿಂಗಳುಗಳಲ್ಲಿ ಹಪ್ಪಳ ಒಣಗಿಸುವಷ್ಟು ಬಿಸಿಲಿರುತ್ತದೆ. ಸುವಾದಲ್ಲಿ ಹಾಗೆ ಒಣಗುವ ತಿಂಗಳು ಎಂಬುದೇ ಇಲ್ಲ. ಅತ್ಯಂತ ಕಡಿಮೆ ಮಳೆಯ ಜುಲೈಯಲ್ಲಿಯೂ ನೂರು ಮಿಲಿಮೀಟರಿಗೆ ಮೀರಿ ಸುರಿಯುತ್ತದೆ, ವಾರಗಟ್ಟಲೆ ಮೋಡ ಕವಿದುಕೊಂಡೇ ಇರುತ್ತದೆ. ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ಇವುಗಳಿಗೆ ಬೂಷ್ಟು ಹಿಡಿಯುವುದು ಇಲ್ಲಿ ಪ್ರತಿ ಮನೆಯ ಸಮಸ್ಯೆ. ಬೆಲೆಬಾಳುವ ಸೀರೆಗಳನ್ನು ಊರಿನಲ್ಲೇ ಬಿಟ್ಟು ಬರುವುದು ಒಳ್ಳೆಯದೆಂದು ನಿಮ್ಮ ಪತ್ನಿಯವರಿಗೆ ಈಗಲೇ ತಿಳಿಸಿ.

ಸೆಖೆಯ ಬಗ್ಗೆ ಚಿಂತೆ ಬೇಡ. ಸುವಾದಲ್ಲಿ ಫೆಬ್ರವರಿಯ ಹಗಲು 31 ಡಿಗ್ರಿಯ ಆಸುಪಾಸು, ಆಗಸ್ಟ್ ತಿಂಗಳ ರಾತ್ರಿ 20 ಡಿಗ್ರಿಯ ಆಸುಪಾಸು ಇರುತ್ತದೆ, ಅಷ್ಟೇ.

ಸ್ಥೂಲವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತಂಪಿನ ಕಾಲ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಖೆ, ಗುಡುಗು ಮತ್ತು ಜೋರು ಮಳೆಯ ಕಾಲ. ಸಾಲೊಮನ್ ದ್ವೀಪಗಳ ಕಡೆಯಿಂದ ಸಮೋವಾದ ಕಡೆಗೆ ಓರೆಯಾಗಿ ಹಾದುಹೋಗುವ ದೊಡ್ಡದೊಂದು ಮೋಡದ ಪಟ್ಟಿ ಈ ಎರಡನೆಯ ಅವಧಿಯಲ್ಲಿ ನಮ್ಮ ಮೇಲೆ ಬಂದು ಕೂರುತ್ತದೆ. ಆ ಪಟ್ಟಿ ಎಲ್ಲಿಗೆ ಸರಿಯುತ್ತದೆ ಎಂಬುದು ಪೆಸಿಫಿಕ್ ಸಾಗರದ ನಡುಭಾಗದ ನೀರು ಎಂದಿಗಿಂತ ಬಿಸಿಯಾಗುವ ಎಲ್ ನಿನೋ, ತಣ್ಣಗಾಗುವ ಲಾ ನಿನಾಗಳ ಮೇಲೆ ನಿಂತಿದೆ. ಎಲ್ ನಿನೋ ಬಲವಾದ ವರ್ಷ ಅದು ಈಶಾನ್ಯಕ್ಕೆ ಸರಿದು ಫಿಜಿ ಒಣಗುತ್ತದೆ. 1997-98ರಲ್ಲಿ ಹಾಗಾಗಿ ಪಶ್ಚಿಮ ಭಾಗದ ಕಬ್ಬಿನ ಬೆಳೆ ನೆಲಕಚ್ಚಿತು. ನಿಮ್ಮ ಕಚೇರಿಯವರು ನಡುನಡುವೆ ಕಿರಿಬಾತಿ, ತುವಾಲು ಎಂಬ ದ್ವೀಪದೇಶಗಳಿಗೂ ಕಳುಹಿಸಬಹುದೆಂದು ಬರೆದಿದ್ದೀರಲ್ಲವೇ, ಅಲ್ಲಿ ಇದು ತಿರುಗುಮುರುಗು. ಎಲ್ ನಿನೋ ವರ್ಷ ಅಲ್ಲಿ ಮಳೆ ಹೆಚ್ಚು, ಲಾ ನಿನಾ ವರ್ಷ ಬರ. 2011ರಲ್ಲಿ ತುವಾಲುವಿನಲ್ಲಿ ಮಳೆನೀರಿನ ತೊಟ್ಟಿಗಳು ಬರಿದಾಗಿ, ಸರ್ಕಾರ ತುರ್ತುಪರಿಸ್ಥಿತಿ ಸಾರಿ, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳನ್ನು ಹೊರದೇಶದಿಂದ ತರಿಸಬೇಕಾಯಿತು. ಕಿರಿಬಾತಿಯ ತರಾವಾ ಸಮಭಾಜಕಕ್ಕೆ ತೀರ ಹತ್ತಿರವಿರುವುದರಿಂದ, ಭೂಮಿಯ ತಿರುಗುವಿಕೆ ಗಾಳಿಯನ್ನು ಸುಳಿಯಾಗಿಸುವಷ್ಟು ಪ್ರಬಲವಾಗದೆ, ಅಲ್ಲಿ ಚಂಡಮಾರುತದ ಭಯವಿಲ್ಲ. ಆದುದರಿಂದ ಪೆಸಿಫಿಕ್ ದ್ವೀಪಗಳ ಹವೆ ಎಂದು ಒಟ್ಟಾಗಿ ಯಾರಾದರೂ ಹೇಳಿದರೆ, ಯಾವ ದ್ವೀಪ ಎಂದು ತಿರುಗಿ ಕೇಳಿ.

ಚಂಡಮಾರುತದ ವಿಚಾರದಲ್ಲಿ ನಿಮ್ಮನ್ನು ಸುಳ್ಳು ಧೈರ್ಯದಿಂದ ಕರೆಯಲಾರೆ. 2016ರ ಫೆಬ್ರವರಿ 20ರಂದು ಬಂದ ವಿನ್‌ಸ್ಟನ್, ಅತ್ಯುಚ್ಚ ಐದನೆಯ ದರ್ಜೆಯ ಚಂಡಮಾರುತವಾಗಿ, ಕೋರೋ ದ್ವೀಪವನ್ನೂ ವಿತಿ ಲೆವುವಿನ ಉತ್ತರ ಭಾಗವನ್ನೂ ಹಾದು 44 ಜನರನ್ನು ಬಲಿ ತೆಗೆದುಕೊಂಡಿತು. 2020ರಲ್ಲಿ ಏಪ್ರಿಲ್ ತಿಂಗಳಲ್ಲಿ ಹೆರಾಲ್ಡ್, ಡಿಸೆಂಬರ್‌ನಲ್ಲಿ ಯಾಸಾ, ಹೀಗೆ ಒಂದೇ ವರ್ಷದಲ್ಲಿ ಎರಡು ಪ್ರಬಲ ಚಂಡಮಾರುತಗಳು ಬಂದವು. ಆದರೆ ಪ್ರತಿಯೊಂದು ಚಂಡಮಾರುತವೂ ಪ್ರತಿಯೊಂದು ಊರಿಗೆ ತಟ್ಟುವುದಿಲ್ಲ, ಮುನ್ಸೂಚನೆ ದಿನಗಳ ಮೊದಲೇ ಸಿಗುತ್ತದೆ. ಇಡೀ ವಲಯಕ್ಕೆ ಚಂಡಮಾರುತದ ಎಚ್ಚರಿಕೆ ಕೊಡುವ ಕೇಂದ್ರ ನಾಂದಿಯಲ್ಲೇ ಇದೆ. ಫಿಜಿಯ ಹವಾಮಾನ ಇಲಾಖೆ ಅದನ್ನು ನಡೆಸುತ್ತದೆ. ಅವರ ಪ್ರಕಟಣೆಯನ್ನು ಬಿಟ್ಟು, ಯಾರೋ ಕಳುಹಿಸಿದ ವಾಟ್ಸ್ಯಾಪ್ ನಕ್ಷೆಗಳನ್ನು ದಯವಿಟ್ಟು ನಂಬಬೇಡಿ.

ದಕ್ಷಿಣ ಗೋಳಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ, ಬಂಗಾಳಕೊಲ್ಲಿಯದಕ್ಕೆ ತದ್ವಿರುದ್ಧ. ಹೆಚ್ಚಾಗಿ ವಾಯವ್ಯ ಅಥವಾ ಉತ್ತರದಿಂದ ಅದು ಹತ್ತಿರ ಬರುವಾಗ, ಸದಾ ಆಗ್ನೇಯದಿಂದ ಬೀಸುವ ಗಾಳಿ ಈಶಾನ್ಯದಿಂದಲೋ ಉತ್ತರದಿಂದಲೋ ಬೀಸತೊಡಗಿ ಮೈಗೆ ಅಂಟುವಂತಾಗುತ್ತದೆ. ಕೇಂದ್ರವೇ ನೆತ್ತಿಯ ಮೇಲೆ ಹಾದರೆ ನಡುವೆ ಸ್ವಲ್ಪ ಹೊತ್ತು ಎಲ್ಲವೂ ಶಾಂತವಾಗಿ, ಆಮೇಲೆ ಎದುರು ದಿಕ್ಕಿನಿಂದ ಗಾಳಿ ಅಪ್ಪಳಿಸುತ್ತದೆ. ಆ ಬಿಡುವಿನಲ್ಲಿ ತಗಡು ಸರಿಮಾಡಲು ಹೊರಗೆ ಕಾಲಿಡಬಾರದು. ಇಲ್ಲಿನ ಮನೆಗಳ ಮಾಡು ಹೆಚ್ಚಾಗಿ ತಗಡಿನದು, ಕಿಟಕಿಗಳಿಗೆ ಒಂದರ ಮೇಲೊಂದು ಜೋಡಿಸಿದ ಗಾಜಿನ ಪಟ್ಟಿಗಳಿರುತ್ತವೆ. ಗಾಳಿಯಾಡಲು ಅವು ಚೆನ್ನ, ಬಿರುಗಾಳಿಗೆ ಅವೇ ಮೊದಲು ಸೋಲುವುದು. ಕಿಟಕಿಗೆ ಹೊರಗಿನಿಂದ ಹಾಕುವ ಹಲಗೆ ಅಥವಾ ಕಬ್ಬಿಣದ ಬಾಗಿಲು ಇದೆಯೇ, ಮಾಡಿನ ತೊಲೆಗಳನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿದಿದ್ದಾರೆಯೇ ಎಂದು ಮನೆಯ ಮಾಲೀಕರನ್ನು ಸಂಕೋಚವಿಲ್ಲದೆ ಕೇಳಿ.

ಗಾಳಿಗಿಂತ ಹೆಚ್ಚು ಸಲ ಕಾಡುವುದು ನೆರೆ. ನಾಂದಿ ಪೇಟೆ 2009ರಲ್ಲೂ 2012ರಲ್ಲೂ ನದಿನೀರಿನಲ್ಲಿ ಮುಳುಗಿತು. ನೆರೆ ಇಳಿದ ಮೇಲೆ ಕೆಸರುನೀರಿನಿಂದ ಇಲಿಜ್ವರ, ನಿಂತ ನೀರಿನ ಸೊಳ್ಳೆಯಿಂದ ಡೆಂಗಿ ಹರಡುವುದುಂಟು. ಮಕ್ಕಳು ಬರಿಗಾಲಿನಲ್ಲಿ ಆ ನೀರಿಗೆ ಇಳಿಯದಂತೆ ನೋಡಿಕೊಳ್ಳಿ.

ಇನ್ನು ಕಡಲು. ಊರಿನ ಕಡಲಿನಲ್ಲಿ ತೆರೆ ದಡಕ್ಕೇ ಬಂದು ಒಡೆಯುತ್ತದೆ, ಅಪಾಯ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಇಲ್ಲಿ ದಡದಿಂದ ದೂರದಲ್ಲಿರುವ ಹವಳದ ದಿಬ್ಬ ಸಾಗರದ ತೆರೆಗಳನ್ನೆಲ್ಲ ತಡೆದು ಒಡೆಯುತ್ತದೆ. ಒಳಗಿನ ನೀರು ಕೆರೆಯಂತೆ ನಿಂತಿರುತ್ತದೆ, ಎದೆಮಟ್ಟಕ್ಕೂ ಬಾರದ ಕಡೆ ಮಕ್ಕಳು ನಿಶ್ಚಿಂತೆಯಿಂದ ಆಡಬಹುದು. ಆದರೆ ಈ ದಿಬ್ಬ ಅಲ್ಲಲ್ಲಿ ತುಂಡಾಗಿದೆ. ಸಿಹಿನೀರೂ ಹೂಳೂ ಬಂದು ಸೇರುವಲ್ಲಿ ಹವಳ ಬೆಳೆಯುವುದಿಲ್ಲವಾದ್ದರಿಂದ, ಹೊಳೆ ಕಡಲು ಸೇರುವ ಕಡೆಯ ಎದುರಿಗೆ ಇಂಥ ಕಿಂಡಿಗಳು ಹೆಚ್ಚು. ಉಬ್ಬರದಲ್ಲಿ ದಿಬ್ಬದ ಮೇಲೆ ಹಾದು ಒಳಗೆ ತುಂಬಿಕೊಂಡ ನೀರೆಲ್ಲ ಇಳಿತದ ಹೊತ್ತಿನಲ್ಲಿ ಈ ಕಿಂಡಿಗಳ ಮೂಲಕವೇ ಹೊರಗೆ ನುಗ್ಗುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಇರುವ ವ್ಯತ್ಯಾಸ ಒಂದರಿಂದ ಒಂದೂವರೆ ಮೀಟರ್ ಮಾತ್ರ, ಆದರೂ ಅಷ್ಟು ವಿಸ್ತಾರದ ನೀರು ಇಷ್ಟು ಕಿರಿದಾದ ಬಾಯಿಂದ ಹೋಗಬೇಕಾದಾಗ ಒಳ್ಳೆಯ ಈಜುಗಾರನೂ ಅದರ ಎದುರು ಈಜಿ ಬರಲಾರ. ಗಂಗೊಳ್ಳಿಯ ಅಳಿವೆಯಲ್ಲಿ ಇಳಿತದ ಸೆಳೆತ ನೋಡಿದ ನಿಮಗೆ ಇದು ಅರ್ಥವಾಗುತ್ತದೆ. ಆದರೆ ಅಳಿವೆಯ ಬಾಯಲ್ಲಿ ಏಳುವ ನೊರೆ ಇಲ್ಲಿ ಅನೇಕ ಸಲ ಕಾಣುವುದಿಲ್ಲ. ಎರಡು ಕಡೆ ದಿಬ್ಬದ ಮೇಲೆ ಬಿಳಿ ತೆರೆ ಒಡೆಯುತ್ತಿದ್ದರೆ ನಡುವೆ ಕಡುನೀಲಿಯಾಗಿ ನಯವಾಗಿ ಕಾಣುವ ಜಾಗವೇ ಕಿಂಡಿ. ಹೊಸಬರು ಅದನ್ನೇ ಶಾಂತವಾದ ಜಾಗವೆಂದು ಆರಿಸಿಕೊಳ್ಳುತ್ತಾರೆ. ಆದ್ದರಿಂದ ಸ್ನಾನಕ್ಕೆ ಉಬ್ಬರ ಏರುತ್ತಿರುವ ಹೊತ್ತನ್ನೇ ಆರಿಸಿಕೊಂಡು, ಕಿಂಡಿಯಿಂದ ದೂರವಿರಿ. ಸಿಂಗಾತೋಕಾ ನದಿಯ ಬಾಯಿಯ ಬಳಿಯಂತೂ ತಡೆಯಲು ದಿಬ್ಬವೇ ಇಲ್ಲ. ಮರಳದಿನ್ನೆಗಳನ್ನು ನೋಡಲು ಹೋದಾಗ ಅಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ.

ಆಕಾಶ ಶುಭ್ರವಾಗಿದ್ದರೆ ಕಡಲೂ ಶಾಂತವಾಗಿರುತ್ತದೆ ಎಂಬ ಎಣಿಕೆಯೂ ಇಲ್ಲಿ ಸಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಗಾಳಿ ಬಿರುಸಾಗಿ, ಬಿಸಿಲಿರುವಾಗಲೇ ದ್ವೀಪಗಳ ನಡುವಿನ ಕಡಲು ಎದ್ದಿರುತ್ತದೆ. ಅದೇ ತಿಂಗಳುಗಳಲ್ಲಿ ನ್ಯೂಜಿಲೆಂಡಿನ ದಕ್ಷಿಣಕ್ಕೆ ಎದ್ದ ಬಿರುಗಾಳಿಯ ದೊಡ್ಡ ಉಬ್ಬಲೆಗಳು ದಿನಗಟ್ಟಲೆ ಸಾಗಿ ಬಂದು, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣ ದಡವನ್ನು ಅಪ್ಪಳಿಸುತ್ತವೆ. ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಂತೆ ಇಲ್ಲಿ ಕಡಲು ಮುಚ್ಚುವ ಕಾಲವೆಂಬುದಿಲ್ಲ, ದಿನದಿನದ ಮುನ್ಸೂಚನೆ ನೋಡಿಯೇ ನಿರ್ಧರಿಸಬೇಕು. ಸಣ್ಣ ದೋಣಿಗಳಿಗೆ ಎಚ್ಚರಿಕೆ ಜಾರಿಯಲ್ಲಿದ್ದರೆ, ದೋಣಿಯವನು ಎಷ್ಟೇ ಭರವಸೆ ಕೊಟ್ಟರೂ ಹತ್ತಬೇಡಿ. ಗಿರ್ಮಿಟ್ ಕೂಲಿಗಳನ್ನು, ಅಂದರೆ ಕರಾರಿನ ಮೇಲೆ ದುಡಿಯಲು ತಂದ ಭಾರತೀಯರನ್ನು, ಹೊತ್ತು ಕಲ್ಕತ್ತೆಯಿಂದ ಬಂದ ಸಿರಿಯಾ ಎಂಬ ಹಡಗು 1884ರ ಮೇ 11ರ ರಾತ್ರಿ ಸುವಾದ ಬಳಿಯ ನಸಿಲಾಯ್ ದಿಬ್ಬಕ್ಕೆ ಬಡಿದು 59 ಜನ ಸತ್ತರು. ಅದು ಚಂಡಮಾರುತದ ಕಾಲವೂ ಆಗಿರಲಿಲ್ಲ. ಇಲ್ಲಿನ ಭಾರತೀಯರ ಮನೆಗಳಲ್ಲಿ ಇಂದಿಗೂ ಆ ನೆನಪಿದೆ.

ನೀವು ಕೇಳದಿದ್ದರೂ ಒಂದು ಮಾತು: 1953ರ ಸೆಪ್ಟೆಂಬರ್‌ನಲ್ಲಿ ಸುವಾದ ಹತ್ತಿರವೇ ಭೂಕಂಪವಾಗಿ ನಿಮಿಷಗಳಲ್ಲಿ ಸುನಾಮಿ ದಡ ಮುಟ್ಟಿತ್ತು. ಕಡಲಬದಿಯಲ್ಲಿರುವಾಗ ನೆಲ ಜೋರಾಗಿ ನಡುಗಿದರೆ ಸೈರನ್‌ಗಾಗಿ ಕಾಯದೆ ಗುಡ್ಡದ ಕಡೆ ನಡೆಯಿರಿ.

ಇಷ್ಟನ್ನೂ ನೋಡಿಕೊಂಡು ನನ್ನ ಸಲಹೆ ಹೀಗಿದೆ. ಜನವರಿಯಲ್ಲಿ ನೀವೊಬ್ಬರೇ ಬನ್ನಿ, ಕುಟುಂಬವನ್ನು ಮೇ ತಿಂಗಳಲ್ಲಿ ಕರೆಸಿಕೊಳ್ಳಿ. ಆ ನಾಲ್ಕು ತಿಂಗಳಲ್ಲಿ ಮನೆ ಹುಡುಕಬಹುದು. ಹೊಳೆದಂಡೆಯ ತಗ್ಗನ್ನೂ ಕುಸಿಯುವ ಮಣ್ಣಿನ ಇಳಿಜಾರನ್ನೂ ಬಿಟ್ಟು, ಎತ್ತರದಲ್ಲಿ ಗಟ್ಟಿ ನೆಲದ ಮೇಲಿರುವ ಮನೆಯನ್ನು ನೋಡಿ, ಜೋರು ಮಳೆ ಬರುತ್ತಿರುವ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ಮಾಡು ಎಲ್ಲಿ ಸೋರುತ್ತದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ಮುಂಗಡ ಕೊಡಿ.