ಅಡುಗೆಮನೆ ಪ್ರಶ್ನೋತ್ತರ: ಬೆಣ್ಣೆ ಕೆಳಗೆ, ಹಣ್ಣು ಮೇಲೆ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ಹೇಳಿಕೊಟ್ಟಂತೆ ಮಾವಿನ ಹಣ್ಣಿನ ಕಾಬ್ಲರ್ (ಹಣ್ಣು, ಹಿಟ್ಟು ಸೇರಿಸಿ ಓವನ್ನಿನಲ್ಲಿ ಬೇಯಿಸುವ ಸಿಹಿ) ಮಾಡಿದೆ. ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಅರ್ಧ ಕಪ್ ಬೆಣ್ಣೆ ಎಂದು ಅಳತೆ ಕೊಟ್ಟಿದ್ದಳು. ಹಳ್ಳಿಯಿಂದ ಬಂದ ಬಿಳಿ ಬೆಣ್ಣೆಯನ್ನು ಕರಗಿಸಿ, ರಸಪುರಿ ಹಣ್ಣಿನ ತಿರುಳು ಹಾಕಿ, ಫ್ರಿಜ್ಜಿನಿಂದ ತೆಗೆದ ಹಾಲು ಸೇರಿಸಿ, ಎಲ್ಲವನ್ನೂ ಚೆನ್ನಾಗಿ ಕಲಸಿ ಒಟಿಜಿಯಲ್ಲಿ (ಸಣ್ಣ ವಿದ್ಯುತ್ ಓವನ್) ಇಟ್ಟೆ. ಮುಕ್ಕಾಲು ಗಂಟೆಯ ಮೇಲೆ ತೆಗೆದರೆ ಮೇಲ್ಭಾಗಕ್ಕೆ ಬಣ್ಣ ಬಂದಿತ್ತು, ನಡುವೆ ಹಸಿ ಹಿಟ್ಟು ಉಳಿದಿತ್ತು, ಅಂಚಿನಲ್ಲಿ ಬೆಣ್ಣೆ ಎಣ್ಣೆಯಂತೆ ನಿಂತಿತ್ತು. ಮುಂದಿನ ಸಲ ಬೆಣ್ಣೆ ಕಡಿಮೆ ಮಾಡಬೇಕೇ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ದಯವಿಟ್ಟು ಬೆಣ್ಣೆಗೆ ಕೈ ಹಚ್ಚಬೇಡಿ. ನಿಮ್ಮ ಮಗಳು ಕೊಟ್ಟ ಅಳತೆ ಸರಿಯಾಗಿದೆ. ಅಮೆರಿಕದ ದಕ್ಷಿಣದ ರಾಜ್ಯಗಳ ಮನೆಗಳಲ್ಲಿ ಪೀಚ್ ಹಣ್ಣಿನ ಕಾಬ್ಲರ್‌ಗೆ ಬಾಯಿಪಾಠವಾಗಿರುವ ಅಳತೆಯೇ ಅದು. ಫೋನಿನಲ್ಲಿ ಹೇಳುವಾಗ ಬಿಟ್ಟುಹೋದದ್ದು ಒಂದೇ ಮಾತು: ಇದನ್ನು ಕಲಸಬಾರದು.

ಕರಗಿದ ಬಿಸಿ ಬೆಣ್ಣೆ ಪಾತ್ರೆಯ ತಳದಲ್ಲಿರಬೇಕು, ಅದರ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಹಣ್ಣು. ಓವನ್ನಿನ ಬಿಸಿಗೆ ಬೇಕಿಂಗ್ ಪೌಡರ್ ಗಾಳಿಗುಳ್ಳೆಗಳನ್ನು ಬಿಡತೊಡಗಿದಾಗ ಹಿಟ್ಟು ಹಗುರಾಗಿ ಉಬ್ಬುತ್ತದೆ, ಭಾರವಾದ ಹಣ್ಣು ತಾನಾಗಿಯೇ ಕೆಳಗಿಳಿಯುತ್ತದೆ, ಹಿಟ್ಟು ಅದರ ಸಂದುಗಳಿಂದ ಮೇಲೆದ್ದು ಹಣ್ಣನ್ನು ಮುಚ್ಚುತ್ತದೆ. ಬೆಣ್ಣೆ ಅಂಚಿನ ಸುತ್ತ ಹತ್ತಿ ಬಂದು ಹಿಟ್ಟನ್ನು ಕರಿದಂತೆ ಗರಿಗರಿ ಮಾಡುತ್ತದೆ. ಬೆಣ್ಣೆ ದೋಸೆಯ ಊರಿನವರಿಗೆ ಈ ಅಂಚಿನ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ಈ ಏರಿಳಿತಕ್ಕೆ ಎಡೆಯೇ ಇರುವುದಿಲ್ಲ. ಹಣ್ಣಿನ ರಸ ಹಿಟ್ಟಿನೊಳಗೆ ಸೇರಿಕೊಂಡು ನಡುಭಾಗ ಬೇಯದೆ ಉಳಿಯುತ್ತದೆ. ಫ್ರಿಜ್ಜಿನ ಹಾಲು ತಗುಲಿದ್ದರಿಂದ ಕರಗಿದ ಬೆಣ್ಣೆ ಮತ್ತೆ ಹರಳುಗಟ್ಟಿ, ಹಿಟ್ಟಿನೊಂದಿಗೆ ಬೆರೆಯದೆ, ಬಿಸಿಯೇರಿದಾಗ ಪ್ರತ್ಯೇಕವಾಗಿ ಅಂಚಿಗೆ ಬಂದು ನಿಂತಿದೆ. ನಾನೂ ಮೊದಲ ಸಲ ಸೌಟು ಹಿಡಿದೇ ನಿಂತಿದ್ದವಳು. ಕಲಸದೆ ಬಿಡುವುದು ನಮ್ಮ ಕೈಗೆ ಬರುವ ಅಭ್ಯಾಸವಲ್ಲ.

ಇನ್ನು ನಿಮ್ಮ ಬೆಣ್ಣೆಯ ವಿಷಯ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಬೆಣ್ಣೆಯಲ್ಲಿ ನಿಯಮದ ಪ್ರಕಾರ ಕನಿಷ್ಠ ಶೇ. 80ರಷ್ಟು ಕೊಬ್ಬಿರಬೇಕು, ನೀರಿನಂಶ ಶೇ. 16ನ್ನು ಮೀರಬಾರದು. ಕೈಯಲ್ಲಿ ಕಡೆದು ತೆಗೆದ ಬೆಣ್ಣೆಯ ಮುದ್ದೆಯಲ್ಲಿ ಮಜ್ಜಿಗೆಯೂ ತೊಳೆದ ನೀರೂ ಎಷ್ಟು ಉಳಿದಿವೆಯೆಂಬುದು ಕಡೆದವರ ಕೈಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಅರ್ಧ ಕಪ್, ಅಂದರೆ 115 ಗ್ರಾಂ ಬೇಕೆಂದಿರುವಲ್ಲಿ 130 ಗ್ರಾಂ ತೆಗೆದುಕೊಂಡು, ಸಣ್ಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ. ಮೊದಲು ಬಿಳಿ ನೊರೆ ಏಳುತ್ತದೆ, ಆಮೇಲೆ ಚಟಪಟ ಸದ್ದು ಶುರುವಾಗುತ್ತದೆ; ಒಳಗಿನ ನೀರು ಆವಿಯಾಗುವ ಸದ್ದು ಅದು. ಆ ಸದ್ದು ಅರ್ಧಕ್ಕಿಳಿದು, ನೊರೆ ತೆಳುವಾಗಿ, ತಳದಲ್ಲಿ ಇನ್ನೂ ಹಳದಿ ಕಾಣುತ್ತಿರುವಾಗಲೇ ಇಳಿಸಿಬಿಡಿ. ಸದ್ದು ಪೂರ್ತಿ ನಿಲ್ಲುವವರೆಗೆ ಕಾಯ್ದರೆ ತುಪ್ಪವಾಗುತ್ತದೆ. ತುಪ್ಪದಲ್ಲೂ ಕಾಬ್ಲರ್ ಆಗುತ್ತದೆ, 90 ಗ್ರಾಂ ಸಾಕು, ಆದರೆ ತುಪ್ಪದ ಘಮಲು ಹಣ್ಣಿನ ವಾಸನೆಯನ್ನು ಅಡಗಿಸಿಬಿಡುತ್ತದೆ. ಬೆಣ್ಣೆ ಕಾಯಿಸುವಾಗ ಅಭ್ಯಾಸಬಲದಿಂದ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕಿಬಿಡಬೇಡಿ! ಉಪ್ಪು ಹಾಕಿದ ಪ್ಯಾಕೆಟ್ ಬೆಣ್ಣೆಯಾದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ.

ಮೂರನೆಯದು ಹಣ್ಣು. ರಸಪುರಿ ಸೀಕರಣೆಗೆ ಹುಟ್ಟಿದ ಹಣ್ಣು, ಓವನ್ನಿಗೆ ಅಲ್ಲ. ಪೀಚ್ ಹಣ್ಣು ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ ಮತ್ತು ಅದರಲ್ಲಿ ಹುಳಿಯಿರುತ್ತದೆ. ನಮ್ಮಲ್ಲಿ ಆ ಗುಣಕ್ಕೆ ಹತ್ತಿರವಾದದ್ದು ಇನ್ನೂ ಸ್ವಲ್ಪ ಗಟ್ಟಿಯಿರುವ ತೋತಾಪುರಿ. ಬಾದಾಮಿ ಹಣ್ಣಾದರೆ ಪೂರ್ತಿ ಕಳಿಯುವ ಮುನ್ನ ಬಳಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ. ಒಂದು ಅಂಗುಲದ ಹೋಳುಗಳನ್ನು 400 ಗ್ರಾಂನಷ್ಟು ತೆಗೆದುಕೊಂಡು, ಎರಡು ಚಮಚ ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಡಿ. ರಸ ತುಂಬ ಬಿಟ್ಟುಕೊಂಡರೆ ಬಸಿದು ಪಾನಕಕ್ಕೆ ಬಳಸಿಕೊಳ್ಳಿ.

ಈಗ ಪೂರ್ತಿ ಕ್ರಮವನ್ನು ಹೇಳುತ್ತೇನೆ. ಇಪ್ಪತ್ತು ಸೆಂಟಿಮೀಟರ್ ಚೌಕದ, ಐದು ಸೆಂಟಿಮೀಟರ್ ಆಳದ ಗಾಜಿನ ಅಥವಾ ಪಿಂಗಾಣಿಯ ಬೇಕಿಂಗ್ ಪಾತ್ರೆ ಬೇಕು. ಒಟಿಜಿಯನ್ನು ಮೇಲಿನ ಮತ್ತು ಕೆಳಗಿನ ಎರಡೂ ಸರಳುಗಳು ಕಾಯುವಂತೆ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದು ನಿಮಿಷ ಬಿಸಿಯಾಗಲು ಬಿಡಿ. ಅಷ್ಟರಲ್ಲಿ 125 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಮತ್ತು ಕಾಲು ಟೀ ಚಮಚ ಉಪ್ಪನ್ನು ಬೆರೆಸಿಕೊಂಡು, ಕೋಣೆಯ ಬಿಸಿಗೆ ಬಂದ 240 ಮಿಲಿಲೀಟರ್ ಹಾಲನ್ನು ಸುರಿದು, ಹಿಟ್ಟು ನೆನೆಯುವಷ್ಟು ಮಾತ್ರ ತಿರುವಿ. ಮಗಳು ಹೇಳಿದ ಒಂದು ಕಪ್ ಸಕ್ಕರೆ ಎಂದರೆ 200 ಗ್ರಾಂ; ನಮ್ಮ ಮಾವಿಗೆ ಅಷ್ಟು ಸಕ್ಕರೆ ಹೆಚ್ಚಾಗುತ್ತದೆ. ಹಿಟ್ಟು ನೀರು ದೋಸೆಯ ಹಿಟ್ಟಿಗಿಂತ ಗಟ್ಟಿಯಾಗಿ, ಸೌಟಿನಿಂದ ಎಡೆಬಿಡದೆ ಇಳಿಯುವಂತಿರಬೇಕು. ಒಂದೆರಡು ಗಂಟು ಉಳಿದರೆ ಉಳಿಯಲಿ, ಹೆಚ್ಚು ತಿರುವಿದರೆ ಮೈದಾ ಜಿಗುಟಾಗುತ್ತದೆ.

ಖಾಲಿ ಪಾತ್ರೆಯನ್ನು ಎರಡು ನಿಮಿಷ ಓವನ್ನಿನಲ್ಲಿ ಬೆಚ್ಚಗೆ ಮಾಡಿ, ಬಿಸಿ ಬೆಣ್ಣೆಯನ್ನು ಅದಕ್ಕೆ ಸುರಿದು, ಹಿಟ್ಟನ್ನು ನಡುವೆ ನಿಧಾನವಾಗಿ ಹೊಯ್ಯಿರಿ. ಬೆಣ್ಣೆ ಸುತ್ತಲೂ ಉಕ್ಕಿ ಬಂದು ಹಿಟ್ಟಿನ ಮೇಲೆ ಹಳದಿ ಕೆರೆಗಳಂತೆ ನಿಲ್ಲುತ್ತದೆ. ಇಲ್ಲಿ ಎಲ್ಲರ ಕೈಯೂ ಚಮಚಕ್ಕೆ ಹೋಗುತ್ತದೆ. ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳಿ. ಹಣ್ಣಿನ ಹೋಳುಗಳನ್ನು ಮೇಲೆ ಹರಡಿ, ಒತ್ತದೆ ಬಿಟ್ಟು, ಓವನ್ನಿನ ನಡುವಿನ ತಟ್ಟೆಯಲ್ಲಿಡಿ. ಐವತ್ತರಿಂದ ಅರವತ್ತು ನಿಮಿಷ ಬೇಕಾಗುತ್ತದೆ. ಅಂಚು ಕಂದಾಗಿ, ರಸ ದಪ್ಪ ಗುಳ್ಳೆಗಳಾಗಿ ಕುದಿಯುತ್ತಿರಬೇಕು, ನಡುವೆ ಹಿಟ್ಟಿರುವ ಜಾಗಕ್ಕೆ ಚುಚ್ಚಿದ ಚಾಕುವಿಗೆ ಹಸಿ ಹಿಟ್ಟು ಅಂಟಬಾರದು. ನಲವತ್ತೇ ನಿಮಿಷಕ್ಕೆ ಮೇಲೆ ಕಂದಾದರೆ ಫಾಯಿಲ್ ಹೊದಿಸಿ ಮುಂದುವರಿಸಿ. ತೆಗೆದ ಮೇಲೆ ಇಪ್ಪತ್ತು ನಿಮಿಷವಾದರೂ ಆರಲು ಬಿಡಿ. ಆಗ ರಸ ಮಂದವಾಗುತ್ತದೆ, ಅಂಚಿನ ಬೆಣ್ಣೆಯೂ ಬಹುಪಾಲು ಒಳಗೆ ಸೇರಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಮೊಟ್ಟೆ ಹಾಕದೆ ಮಾಡಬಹುದೇ? ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ನಡೆಯುತ್ತದೆಯೇ?
— ಓದುಗರೊಬ್ಬರು, ಹರಿಹರ

ಉತ್ತರ: ಈ ಬಗೆಯ ಕಾಬ್ಲರ್‌ನಲ್ಲಿ ಮೊಟ್ಟೆಯೇ ಇಲ್ಲ. ಸೋಡಾ ಬೇಡ, ಅದು ಕೆಲಸ ಮಾಡಲು ಹಿಟ್ಟಿನಲ್ಲಿ ಹುಳಿ ಬೇಕು, ಹಾಲಿನಲ್ಲಿ ಅದು ಸಾಲದು, ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ. ಡಬ್ಬಿ ಹಳೆಯದಾಗಿದ್ದರೆ ಅರ್ಧ ಚಮಚ ಬೇಕಿಂಗ್ ಪೌಡರನ್ನು ಬಿಸಿನೀರಿಗೆ ಹಾಕಿ ನೋಡಿ, ಬುಸುಗುಟ್ಟದಿದ್ದರೆ ಎಸೆಯಿರಿ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಕೇಕ್ ಮಾಡುವಂತೆ ಇದನ್ನೂ ಮಾಡಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮಾಡಬಹುದು, ಆದರೆ ಮೇಲೆ ಬಣ್ಣ ಬರುವುದಿಲ್ಲ, ಕಾಬ್ಲರ್‌ನ ಅರ್ಧ ಸೊಗಸು ಇರುವುದೇ ಆ ಬಣ್ಣದಲ್ಲಿ. ಕೇಕಾದರೆ ಮಗುಚಿ ಹಾಕಬಹುದು, ಇದನ್ನು ಮಗುಚಲಾಗದು. ಹಿಂದೆ ಅಮೆರಿಕದ ವಲಸಿಗರ ಬಳಿಯೂ ಓವನ್ ಇರಲಿಲ್ಲ. ಕಬ್ಬಿಣದ ದಪ್ಪ ಪಾತ್ರೆಯಲ್ಲಿಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಅದನ್ನೇ ನಮ್ಮ ಒಲೆಗೆ ಹೊಂದಿಸಿಕೊಳ್ಳೋಣ.

ದೊಡ್ಡ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿಟ್ಟು, ತಳಕ್ಕೆ ಎರಡು ಲೋಟ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಮೇಲಿನ ಅಳತೆಯ ಅರ್ಧದಷ್ಟನ್ನು ಮಾತ್ರ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಸಿದ್ಧಪಡಿಸಿ ಒಳಗಿಟ್ಟು, ಸಣ್ಣ ಉರಿಯಲ್ಲಿ ಐವತ್ತು ನಿಮಿಷ ಬೇಯಿಸಿ. ಹುಳಿ ಹಣ್ಣಿಗೆ ಅಲ್ಯೂಮಿನಿಯಂ ಡಬ್ಬಿ ಬೇಡ. ಬೆಂದದ್ದನ್ನು ಹೊರಗಿಟ್ಟ ಮೇಲೆ, ದೋಸೆಯ ಕಬ್ಬಿಣದ ಹಂಚನ್ನು ಹೊಗೆಯಾಡುವಷ್ಟು ಕಾಯಿಸಿ, ಇಕ್ಕಳದಲ್ಲಿ ಭದ್ರವಾಗಿ ಹಿಡಿದು, ಡಬ್ಬಿಯ ಬಾಯಿಗೆ ಒಂದು ಬೆರಳಿನಷ್ಟು ಅಂತರದಲ್ಲಿ ಎರಡು ಮೂರು ನಿಮಿಷ ಹಿಡಿಯಿರಿ. ಅಲ್ಲಲ್ಲಿ ಕಂದು ಚುಕ್ಕೆಗಳು ಏಳುತ್ತವೆ. ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿಯೇ ಈ ಕೆಲಸ ಮಾಡಿ. ಅಂಚಿನ ಗರಿಗರಿ ಓವನ್ನಿನಷ್ಟು ಬರುವುದಿಲ್ಲ, ರುಚಿಗೆ ಮೋಸವಿಲ್ಲ.

ಪ್ರಶ್ನೆ: ಮಾವಿನ ಕಾಲ ಮುಗಿದ ಮೇಲೆ ಯಾವ ಹಣ್ಣು ಹೊಂದುತ್ತದೆ? ನಮ್ಮ ಕಡೆ ದಾಳಿಂಬೆ, ಸೀತಾಫಲ ಹೇರಳ.
— ಓದುಗರೊಬ್ಬರು, ಹೊಸದುರ್ಗ

ಉತ್ತರ: ನೇರಳೆ ಹಣ್ಣು ಸಿಕ್ಕರೆ ಬೇರೆ ಯಾವುದನ್ನೂ ನೋಡಬೇಡಿ. ಬೀಜ ಬಿಡಿಸುವುದು ಸಾಕುಬೇಕಾಗುವ ಕೆಲಸವಾದರೂ, ಬೆಂದ ಹಿಟ್ಟಿನ ಬಿರುಕುಗಳಿಂದ ಅದರ ಕಡುನೇರಳೆ ರಸ ಉಕ್ಕುವುದನ್ನು ಒಮ್ಮೆ ನೋಡಿದವರು ಬೇಸರಿಸುವುದಿಲ್ಲ. ಒಗರು ಇಳಿಯಲು ಹಣ್ಣಿಗೆ ಇನ್ನೆರಡು ಚಮಚ ಸಕ್ಕರೆ ಹಾಕಿ. ಅನಾನಸನ್ನು ಹಸಿಯಾಗಿ ಬಳಸಿದರೆ ಹಾಲಿನೊಡನೆ ಸೇರಿ ಕಹಿಯಾಗಬಹುದು, ಮೊದಲು ಸಕ್ಕರೆಯಲ್ಲಿ ಐದು ನಿಮಿಷ ಕುದಿಸಿಕೊಳ್ಳಿ. ಪೇರಲ ಹಣ್ಣನ್ನು (ನಿಮ್ಮ ಕಡೆ ಸೀಬೆ ಎನ್ನುತ್ತೀರೇನೋ) ಬೀಜದ ಭಾಗ ತೆಗೆದು ಹಬೆಯಲ್ಲಿ ಮೆತ್ತಗೆ ಮಾಡಿ ಹಾಕಬಹುದು. ಸೀತಾಫಲ ಮಾತ್ರ ಬೇಡವೇ ಬೇಡ. ಬಿಸಿ ತಗುಲಿದರೆ ಅದರ ತಿರುಳು ಕಹಿಯಾಗುತ್ತದೆ. ದಾಳಿಂಬೆಯ ಕಾಳು ಬೆಂದರೆ ರಸ ಬತ್ತಿ ಬೀಜವಷ್ಟೇ ಹಲ್ಲಿಗೆ ಸಿಗುತ್ತದೆ. ಅದನ್ನು ಒಲೆಯಿಂದ ದೂರವೇ ಇಟ್ಟು, ಬೆಚ್ಚಗಿನ ಕಾಬ್ಲರ್ ಮೇಲೆ ಗಟ್ಟಿ ಕೆನೆ ಹಾಕಿ ಬಡಿಸುವಾಗ ಒಂದು ಹಿಡಿ ಉದುರಿಸಿ.