ಕಂಪ್ಯೂಟರ್ ಪ್ರಶ್ನೋತ್ತರ: ‘ಕಿಲ್ -9’ಕ್ಕೂ ಜಗ್ಗದ ಪ್ರೋಸೆಸ್

ಈ ಸಂಚಿಕೆಗೆ ಆರಿಸಿಕೊಂಡಿರುವ ಮೂರೂ ಪ್ರಶ್ನೆಗಳು ದಾವಣಗೆರೆಯಿಂದಲೇ ಬಂದಿವೆ, ಮೂರೂ ಲಿನಕ್ಸ್‌ನಲ್ಲಿ ಪ್ರೋಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳನ್ನು, ಪಟ್ಟಿ ಮಾಡುವ ‘ಪಿಎಸ್’ ಆಜ್ಞೆಗೆ ಸಂಬಂಧಿಸಿವೆ. ಆಜ್ಞೆಗಳು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿದ್ದರೂ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಪ್ರಶ್ನೆ: ನಮ್ಮ ಲ್ಯಾಬ್‌ನಲ್ಲಿ ಒಂದು ಲಿನಕ್ಸ್ ಸರ್ವರ್ ಇದೆ. ವಿದ್ಯಾರ್ಥಿಗಳೆಲ್ಲ ಅದಕ್ಕೇ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಅವರ ಹೋಮ್ ಡೈರೆಕ್ಟರಿಗಳು ಇನ್ನೊಂದು ಸ್ಟೋರೇಜ್ ಯಂತ್ರದಲ್ಲಿದ್ದು ನೆಟ್‌ವರ್ಕ್ ಮೇಲೆ ಫೈಲು ಹಂಚುವ ಎನ್‌ಎಫ್‌ಎಸ್ ಮೂಲಕ ಬರುತ್ತವೆ. ಕೆಲವು ದಿನ ಸರ್ವರ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ‘ಅಪ್‌ಟೈಮ್’ ಕೊಟ್ಟರೆ ಲೋಡ್ 14 ಎಂದು ಬರುತ್ತದೆ, ಆದರೆ ಸಿಪಿಯು ಬಹುಪಾಲು ಖಾಲಿಯಿರುತ್ತದೆ. ‘ಪಿಎಸ್’ ಪಟ್ಟಿಯಲ್ಲಿ ಕೆಲವು ಪ್ರೋಸೆಸ್‌ಗಳ ಮುಂದೆ ‘ಡಿ’, ಕೆಲವಕ್ಕೆ ‘ಟಿ’, ಇನ್ನು ಕೆಲವಕ್ಕೆ ‘ಡಿಫಂಕ್ಟ್’ ಎಂದಿರುತ್ತದೆ. ಬಲವಂತವಾಗಿ ನಿಲ್ಲಿಸುವ ‘ಕಿಲ್ -9’ ಕೊಟ್ಟರೂ ಹಲವು ಹೋಗುವುದಿಲ್ಲ. ರೀಬೂಟ್ ಬಿಟ್ಟು ಬೇರೆ ದಾರಿಯಿಲ್ಲವೇ?
— ಕಂಪ್ಯೂಟರ್ ಲ್ಯಾಬ್ ಸಹಾಯಕರು, ದಾವಣಗೆರೆ

ಉತ್ತರ: ದಾರಿಯಿದೆ, ಆದರೆ ಅದು ‘ಕಿಲ್’ನಿಂದ ಶುರುವಾಗುವುದಿಲ್ಲ. ‘ಪಿಎಸ್’ ಪಟ್ಟಿಯಲ್ಲಿ ‘ಸ್ಟ್ಯಾಟ್’ ಎಂಬ ಕಾಲಂ ಇದೆಯಲ್ಲ, ಅದರ ಮೊದಲ ಅಕ್ಷರವನ್ನು ಓದಿದ ಮೇಲೆಯೇ ಯಾರನ್ನು ಹಿಡಿಯಬೇಕು ಎಂಬುದು ತೀರ್ಮಾನವಾಗಬೇಕು. ನೀವು ಬರೆದಿರುವ ಮೂರು ಅಕ್ಷರಗಳು ಮೂರು ಬೇರೆ ಬೇರೆ ಕಾಯಿಲೆಗಳನ್ನು ಹೇಳುತ್ತಿವೆ. ಮೂರಕ್ಕೂ ಒಂದೇ ಮದ್ದು ಕೊಡುತ್ತಿರುವುದರಿಂದ ಕೆಲಸ ಕೆಡುತ್ತಿದೆ.

ಮೊದಲು ‘ಡಿ’. ಪ್ರೋಸೆಸ್ ಒಂದು ಡಿಸ್ಕ್‌ನಿಂದಲೋ ನೆಟ್‌ವರ್ಕ್‌ ಆಚೆಯ ಸ್ಟೋರೇಜ್‌ನಿಂದಲೋ ಮಾಹಿತಿ ಕೇಳಿ, ಅದು ಕೈಗೆ ಬರುವ ತನಕ ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಒಳಗೆ ಕಾಯುತ್ತ ಕುಳಿತಿದೆ, ಆ ನಡುವೆ ಅದನ್ನು ಎಬ್ಬಿಸುವಂತಿಲ್ಲ ಎಂದು ಇದರ ಅರ್ಥ. ಸಾಮಾನ್ಯವಾಗಿ ಈ ಸ್ಥಿತಿ ಕಣ್ಣಿಗೆ ಬೀಳದಷ್ಟು ಬೇಗ ಮುಗಿದುಹೋಗುತ್ತದೆ. ಒಂದೇ ಪ್ರೋಸೆಸ್ ನಿಮಿಷಗಟ್ಟಲೆ ‘ಡಿ’ಯಲ್ಲಿದ್ದರೆ ತೊಂದರೆ ಆ ಪ್ರೋಸೆಸ್‌ನದ್ದಲ್ಲ, ಅದು ಕಾಯುತ್ತಿರುವ ಸಾಧನದ್ದು. ‘ಕಿಲ್ -9’ ಮೂಲಕ ನೀವು ಕಳಿಸಿದ ಒಂಬತ್ತನೇ ಸಿಗ್ನಲ್, ಅಂದರೆ ‘ಮುಗಿಸು’ ಎಂಬ ಸೂಚನೆ, ಕಳೆದುಹೋಗಿರುವುದಿಲ್ಲ. ಕಾಯುವಿಕೆ ಮುಗಿದ ಕ್ಷಣದಲ್ಲಿ ಜಾರಿಯಾಗಲೆಂದು ಅದು ಬಾಕಿ ಉಳಿದಿರುತ್ತದೆ. ಆದ್ದರಿಂದಲೇ ಸ್ಟೋರೇಜ್ ಮತ್ತೆ ಎದ್ದ ಕೂಡಲೇ, ಅರ್ಧ ಗಂಟೆಯ ಹಿಂದೆ ‘ಕಿಲ್’ ಮಾಡಿದ ಪ್ರೋಸೆಸ್‌ಗಳು ಸಾಲಾಗಿ ಮಾಯವಾಗುವುದನ್ನು ನೀವು ಗಮನಿಸಿರಬಹುದು. ಈಚಿನ ಕರ್ನೆಲ್‌ಗಳಲ್ಲಿ ಎನ್‌ಎಫ್‌ಎಸ್‌ಗೆ ಸಂಬಂಧಿಸಿದ ಕೆಲವು ಕಾಯುವಿಕೆಗಳು ಒಂಬತ್ತಕ್ಕೆ ಮಣಿಯುತ್ತವೆ, ಎಲ್ಲವೂ ಅಲ್ಲ.

ಲೋಡ್ 14 ಇದ್ದರೂ ಸಿಪಿಯು ಖಾಲಿಯಿರುವ ಒಗಟಿಗೂ ಉತ್ತರ ಇಲ್ಲೇ ಇದೆ. ಹಲವು ಯುನಿಕ್ಸ್ ವ್ಯವಸ್ಥೆಗಳು ಸಿಪಿಯುಗಾಗಿ ಸರದಿಯಲ್ಲಿರುವ ಪ್ರೋಸೆಸ್‌ಗಳನ್ನಷ್ಟೇ ಲೋಡ್ ಲೆಕ್ಕಕ್ಕೆ ಹಿಡಿದರೆ, ಲಿನಕ್ಸ್ ‘ಡಿ’ಯಲ್ಲಿರುವವನ್ನೂ ಸೇರಿಸಿಕೊಳ್ಳುತ್ತದೆ. ಹನ್ನೆರಡು ಮಕ್ಕಳು ತಮ್ಮ ಹೋಮ್ ಡೈರೆಕ್ಟರಿಯಲ್ಲಿ ‘ಎಲ್‌ಎಸ್’ ಕೊಟ್ಟು ಸಿಕ್ಕಿಕೊಂಡರೆ ಸಿಪಿಯು ಒಂದು ತೃಣದಷ್ಟೂ ದುಡಿಯದೆ ಲೋಡ್ ಹನ್ನೆರಡಕ್ಕೆ ಏರುತ್ತದೆ.

ಮುಂದಿನ ಸಲ ಹೀಗಾದಾಗ ರೀಬೂಟ್‌ಗೆ ಮುನ್ನ ‘ಪಿಎಸ್ -ಇಒ ಪಿಐಡಿ,ಪಿಪಿಐಡಿ,ಸ್ಟ್ಯಾಟ್,ಡಬ್ಲ್ಯುಚಾನ್:32,ಸಿಎಂಡಿ’ ಎಂದು ಕೊಟ್ಟು ನೋಡಿ. ‘ಡಬ್ಲ್ಯುಚಾನ್’ ಎನ್ನುವ ಕಾಲಂ, ಪ್ರೋಸೆಸ್ ಕರ್ನೆಲ್‌ನ ಯಾವ ಫಂಕ್ಷನ್‌ನಲ್ಲಿ ಮಲಗಿದೆ ಎಂಬುದನ್ನು ಹೇಳುತ್ತದೆ. ಅಲ್ಲಿ ‘ಎನ್‌ಎಫ್‌ಎಸ್’ ಅಥವಾ ‘ಆರ್‌ಪಿಸಿ’ ಎಂದು ಶುರುವಾಗುವ ಹೆಸರುಗಳು ತುಂಬಿದ್ದರೆ ಕಳ್ಳ ಸಿಕ್ಕಿದಂತೆಯೇ. ಜೊತೆಗೆ ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ಓದಿ. ಎನ್‌ಎಫ್‌ಎಸ್ ಸರ್ವರ್ ಓಗೊಡದಿದ್ದರೆ ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂಬ ಸಾಲು ಅಲ್ಲಿ ಇರುತ್ತದೆ. ಅಡಚಿಕೊಂಡ ಪ್ರೋಸೆಸ್‌ಗಳ ಬಗ್ಗೆ ‘ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್’ ಎಂಬ ಎಚ್ಚರಿಕೆಯನ್ನೂ ಕರ್ನೆಲ್ ತಾನಾಗಿ ಬರೆದಿಟ್ಟಿರಬಹುದು. ಆಮೇಲೆ ನೋಡಬೇಕಾದದ್ದು ಸ್ಟೋರೇಜ್ ಯಂತ್ರ, ನಡುವಿನ ಸ್ವಿಚ್ ಮತ್ತು ಕೇಬಲ್ಲುಗಳನ್ನು. ಕರೆಂಟು ಹೋಗಿ ಬಂದಾಗ ಸರ್ವರ್‌ಗೆ ಯುಪಿಎಸ್ ಇದ್ದು, ಮೂಲೆಯ ಸ್ವಿಚ್‌ಗೆ ಮಾತ್ರ ಇಲ್ಲದಿರುವುದು ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ಅಪರೂಪವಲ್ಲ. ಮೊದಲು ಅದನ್ನು ಪರೀಕ್ಷಿಸಿ. ಎನ್‌ಎಫ್‌ಎಸ್ ಡೈರೆಕ್ಟರಿಗಳನ್ನು, ಸ್ವಲ್ಪ ಹೊತ್ತು ಯತ್ನಿಸಿ ಕೈಬಿಡುವ ‘ಸಾಫ್ಟ್’ ಆಯ್ಕೆಯಿಂದ ಮೌಂಟ್ ಮಾಡಿದರೆ (ಜೋಡಿಸಿದರೆ) ಪ್ರೋಸೆಸ್‌ಗಳು ಹೀಗೆ ಸಿಕ್ಕಿಕೊಳ್ಳುವುದಿಲ್ಲ ಎಂದು ಯಾರಾದರೂ ಸಲಹೆ ಕೊಟ್ಟಾರು. ಬರೆಯುತ್ತಿದ್ದ ಫೈಲು ಅರ್ಧಕ್ಕೇ ಕೆಡುವ ಅಪಾಯ ಅದರಲ್ಲಿರುವುದರಿಂದ ಮಕ್ಕಳ ಕೆಲಸ ಇರುವ ಡೈರೆಕ್ಟರಿಗಳಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ‘ಡಿಫಂಕ್ಟ್’, ಅಂದರೆ ‘ಝಡ್’ (ಝಾಂಬಿ) ಸ್ಥಿತಿ. ಈ ಪ್ರೋಸೆಸ್ ಆಗಲೇ ಸತ್ತಿದೆ, ಸತ್ತದ್ದನ್ನು ಮತ್ತೆ ಕೊಲ್ಲಲಾಗದು. ಅದರ ಮೆಮೊರಿಯೂ ತೆರೆದ ಫೈಲುಗಳೂ ಬಿಡುಗಡೆಯಾಗಿರುತ್ತವೆ. ಪ್ರೋಸೆಸ್ ಪಟ್ಟಿಯಲ್ಲಿ ಅದರ ಸಂಖ್ಯೆ ಮತ್ತು ಅದು ಹೇಗೆ ಮುಗಿಯಿತೆಂಬ ವರದಿ ಮಾತ್ರ ಉಳಿದಿರುತ್ತವೆ. ಆ ವರದಿಯನ್ನು ‘ವೇಟ್’ ಕರೆಯ ಮೂಲಕ ಪಡೆದುಕೊಳ್ಳಬೇಕಾದದ್ದು ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೋಸೆಸ್. ಅದು ಪಡೆಯದೆ ಸುಮ್ಮನಿದ್ದರೆ ಈ ಸಾಲು ಪಟ್ಟಿಯಲ್ಲಿ ಹಾಗೆಯೇ ಕೂತಿರುತ್ತದೆ. ಆಪರೇಟಿಂಗ್ ಸಿಸ್ಟಂ ಪ್ರಯೋಗಗಳಲ್ಲಿ ಹೊಸ ಪ್ರೋಸೆಸ್ ಹುಟ್ಟಿಸುವ ‘ಫೋರ್ಕ್’ ಬರೆದು ‘ವೇಟ್’ ಬರೆಯಲು ಮರೆಯುವ ವಿದ್ಯಾರ್ಥಿಗಳು ಇಂಥವನ್ನು ದಿನಕ್ಕೆ ಹತ್ತಾರು ಹುಟ್ಟಿಸುತ್ತಾರೆ. ‘ಪಿಪಿಐಡಿ’ ಕಾಲಂನಿಂದ ಪೇರೆಂಟ್ ಯಾವುದೆಂದು ತಿಳಿದು ಅದನ್ನು ನಿಲ್ಲಿಸಿದರೆ ಸಾಕು, ಅನಾಥವಾದ ಝಾಂಬಿಯನ್ನು ಸಾಮಾನ್ಯವಾಗಿ ಒಂದನೇ ಸಂಖ್ಯೆಯ ಪ್ರೋಸೆಸ್ ದತ್ತು ತೆಗೆದುಕೊಂಡು ಪಟ್ಟಿಯಿಂದ ಅಳಿಸುತ್ತದೆ. ಐದಾರು ಇದ್ದರೆ ಚಿಂತೆಯಿಲ್ಲ. ಸಾವಿರಗಟ್ಟಲೆಯಾಗಿ ಪ್ರೋಸೆಸ್ ಸಂಖ್ಯೆಗಳೇ ಮುಗಿದುಹೋಗುವ ಹಂತ ಬಂದಾಗ ಹೊಸ ಲಾಗಿನ್ ಕೂಡ ಆಗದು. ಈ ಸಂಖ್ಯೆಯ ಮಿತಿ ಬಹುಕಾಲ 32,768 ಆಗಿತ್ತು. 64 ಬಿಟ್ ಲಿನಕ್ಸ್‌ನಲ್ಲಿ ಅದನ್ನು 41,94,304ರ ವರೆಗೆ ಏರಿಸಬಹುದು.

‘ಟಿ’ ಎಲ್ಲಕ್ಕಿಂತ ನಿರಪಾಯಕಾರಿ. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪ್ರೋಗ್ರಾಂ ಮುಚ್ಚಿಹೋಗುತ್ತದೆಂದು ನಂಬಿರುವ ವಿದ್ಯಾರ್ಥಿಗಳ ಕಾಣಿಕೆ ಇದು. ಆ ಕೀಲಿಗಳಿಂದ ಅದು ತಡೆದು ನಿಲ್ಲುತ್ತದೆಯೇ ಹೊರತು ಮುಗಿಯುವುದಿಲ್ಲ, ಹಿಡಿದಿದ್ದ ಮೆಮೊರಿಯನ್ನೂ ಬಿಡುವುದಿಲ್ಲ. ಇಂಥ ಪ್ರೋಸೆಸ್‌ಗೆ ಬರೀ ‘ಕಿಲ್’ ಕೊಟ್ಟರೆ, ಅಂದರೆ ಹದಿನೈದನೇ ಸಿಗ್ನಲ್ ಕಳಿಸಿದರೆ, ಪ್ರೋಸೆಸ್ ಮತ್ತೆ ಓಡಲು ಶುರುವಾಗುವ ತನಕ ಅದು ಬಾಕಿಯಿರುತ್ತದೆ. ಆದ್ದರಿಂದ ಹದಿನೈದರ ಬೆನ್ನಿಗೆ ‘ಕಿಲ್ -ಕಾಂಟ್’ ಕೊಡಿ, ಇದರಲ್ಲಿ ‘ಕಾಂಟ್’ ಮಾತ್ರ ದೊಡ್ಡ ಅಕ್ಷರಗಳಲ್ಲಿರಲಿ. ಪ್ರೋಗ್ರಾಂ ತನ್ನ ಫೈಲುಗಳನ್ನು ಸರಿಯಾಗಿ ಮುಚ್ಚಿ ಹೊರಡುತ್ತದೆ. ‘-9’ ಕೂಡ ಕೆಲಸ ಮಾಡುತ್ತದೆ, ಆದರೆ ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದಾದ್ದರಿಂದ ಅರ್ಧ ಬರೆದ ಫೈಲು ಅರ್ಧವಾಗಿಯೇ ಉಳಿಯುತ್ತದೆ.

ಪ್ರಶ್ನೆ: ‘ಪಿಎಸ್ ಎಯುಎಕ್ಸ್’, ‘ಪಿಎಸ್ -ಎಯುಎಕ್ಸ್’, ‘ಪಿಎಸ್ -ಇಎಫ್’ — ಇವುಗಳಲ್ಲಿ ಯಾವುದು ಸರಿ? ಒಂದೇ ಪ್ರೋಸೆಸ್‌ಗೆ ‘ಪಿಎಸ್’ 3 ಶೇಕಡಾ ಸಿಪಿಯು ಎಂದರೆ ‘ಟಾಪ್’ ಆಜ್ಞೆ 97 ಶೇಕಡಾ ಎನ್ನುತ್ತದೆ. ಯಾವುದನ್ನು ನಂಬಬೇಕು?
— ಬಿಸಿಎ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಗೆರೆಯಿಲ್ಲದ ಮೊದಲನೆಯದು ಬರ್ಕ್ಲಿಯಲ್ಲಿ ಬೆಳೆದ ಬಿಎಸ್‌ಡಿ ಎಂಬ ಯುನಿಕ್ಸ್‌ನ ಶೈಲಿ, ಮೂರನೆಯದು ಸಿಸ್ಟಂ ಫೈವ್ ಎಂಬ ಇನ್ನೊಂದು ಯುನಿಕ್ಸ್ ಪರಂಪರೆಯ ಶೈಲಿ. ಲಿನಕ್ಸ್‌ನ ‘ಪಿಎಸ್’ ಎರಡನ್ನೂ ಒಪ್ಪುತ್ತದೆ, ಎರಡೂ ಸರಿ. ಮೆಮೊರಿ ಮತ್ತು ಸ್ಥಿತಿ ಬೇಕಿದ್ದರೆ ಮೊದಲನೆಯದು, ಪೇರೆಂಟ್ ಯಾರೆಂದು ತಿಳಿಯಬೇಕಿದ್ದರೆ ಮೂರನೆಯದು ಅನುಕೂಲ. ಗೆರೆ ಹಾಕಿದ ‘-ಎಯುಎಕ್ಸ್’ ಮಾತ್ರ ಕಟ್ಟುನಿಟ್ಟಾಗಿ ಓದಿದರೆ ‘ಎಕ್ಸ್’ ಎಂಬ ಹೆಸರಿನ ಬಳಕೆದಾರನ ಪ್ರೋಸೆಸ್‌ಗಳನ್ನು ಕೇಳುತ್ತದೆ. ಆ ಹೆಸರಿನವರು ಇಲ್ಲದಿದ್ದಾಗ ನಿಮ್ಮ ಉದ್ದೇಶವನ್ನು ಊಹಿಸಿ ಮೊದಲನೆಯದರಂತೆಯೇ ನಡೆದುಕೊಳ್ಳಬಹುದು, ಆದರೆ ಈ ಊಹೆಯನ್ನು ನಂಬಿ ಸ್ಕ್ರಿಪ್ಟ್ ಬರೆಯಬಾರದು.

ಸಿಪಿಯು ಅಂಕಿಗಳ ವಿಷಯದಲ್ಲಿ ಎರಡನ್ನೂ ನಂಬಿ, ಏಕೆಂದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ. ‘ಪಿಎಸ್’ ಪ್ರೋಸೆಸ್ ಹುಟ್ಟಿದಾಗಿನಿಂದ ಬಳಸಿದ ಒಟ್ಟು ಸಿಪಿಯು ಸಮಯವನ್ನು ಅದು ಬದುಕಿರುವ ಒಟ್ಟು ಸಮಯದಿಂದ ಭಾಗಿಸುತ್ತದೆ. ‘ಟಾಪ್’ ಕಳೆದ ಕೆಲವೇ ಸೆಕೆಂಡುಗಳ, ಸಾಮಾನ್ಯವಾಗಿ ಮೂರು ಸೆಕೆಂಡುಗಳ, ಲೆಕ್ಕವನ್ನು ಮಾತ್ರ ಹೇಳುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟ ಬಸ್ಸು ಭರಮಸಾಗರದಲ್ಲಿ ನಿಂತದ್ದನ್ನೂ ಸೇರಿಸಿ ತೆಗೆದ ಸರಾಸರಿ ವೇಗ ‘ಪಿಎಸ್’ನದು, ಈ ಕ್ಷಣ ಚಾಲಕನ ಮುಂದಿನ ಮುಳ್ಳು ತೋರುವ ವೇಗ ‘ಟಾಪ್’ನದು. ಬೆಳಗಿನಿಂದ ಸುಮ್ಮನಿದ್ದ ಪ್ರೋಗ್ರಾಂ ಈಗಷ್ಟೇ ಕೆರಳಿದರೆ ನೀವು ಕಂಡ 3 ಮತ್ತು 97 ಎರಡೂ ಏಕಕಾಲಕ್ಕೆ ನಿಜವಾಗಿರುತ್ತವೆ. ಹಲವು ಥ್ರೆಡ್‌ಗಳಿರುವ ಪ್ರೋಗ್ರಾಂ ನೂರು ಶೇಕಡಾವನ್ನು ದಾಟುವುದೂ ತಪ್ಪಲ್ಲ, ಅಲ್ಲಿ ನೂರೆಂದರೆ ಒಂದು ಕೋರ್ ಪೂರ್ತಿ ಎಂದರ್ಥ.

ಪ್ರಶ್ನೆ: ರಾತ್ರಿ ಶುರುವಾಗುವ ಬ್ಯಾಕಪ್ ಬೆಳಿಗ್ಗೆ ನಾನು ಬರುವಾಗ ಇನ್ನೂ ನಡೆಯುತ್ತಿದೆಯೇ ಎಂದು ನೋಡಲು ‘ಪಿಎಸ್ -ಇಎಫ್’ ಜೊತೆ, ಪದ ಇರುವ ಸಾಲುಗಳನ್ನು ಹುಡುಕುವ ‘ಗ್ರೆಪ್ ಬ್ಯಾಕಪ್’ ಬಳಸುತ್ತೇನೆ. ಯಾವಾಗಲೂ ಒಂದು ಸಾಲು ಬಂದೇ ಬರುತ್ತದೆ. ಬರೀ ‘ಪಿಎಸ್’ ಕೊಟ್ಟರೆ ಏನೂ ಕಾಣುವುದಿಲ್ಲ.
— ಮಂಡಿಯೊಂದರ ಲೆಕ್ಕಪತ್ರ ನೋಡುವವರು, ಎಪಿಎಂಸಿ ಯಾರ್ಡ್, ದಾವಣಗೆರೆ

ಉತ್ತರ: ಆ ಒಂದು ಸಾಲು ನಿಮ್ಮ ‘ಗ್ರೆಪ್’ನದ್ದೇ. ಅದರ ಆಜ್ಞೆಯಲ್ಲಿಯೂ ‘ಬ್ಯಾಕಪ್’ ಎಂಬ ಪದ ಇರುವುದರಿಂದ ಅದು ತನ್ನನ್ನೇ ಹುಡುಕಿಕೊಳ್ಳುತ್ತದೆ. ಬದಲಿಗೆ ‘ಪಿಗ್ರೆಪ್ -ಎಎಫ್ ಬ್ಯಾಕಪ್’ ಬಳಸಿ, ಇದು ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರೀ ‘ಪಿಎಸ್’ ನಿಮ್ಮದೇ ಹೆಸರಿನಲ್ಲಿ, ನೀವು ಕುಳಿತಿರುವ ಟರ್ಮಿನಲ್‌ನಲ್ಲಿ ನಡೆಯುವವನ್ನಷ್ಟೇ ತೋರಿಸುತ್ತದೆ. ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್ ಎಬ್ಬಿಸಿದ ಬ್ಯಾಕಪ್‌ಗೆ ಟರ್ಮಿನಲ್ಲೇ ಇಲ್ಲ, ಪೂರ್ಣ ಪಟ್ಟಿಯಲ್ಲಿ ಅದರ ‘ಟಿಟಿವೈ’ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದು ಇದೇ ಕಾರಣಕ್ಕೆ.

ಪ್ರೋಸೆಸ್ ಸಂಖ್ಯೆ ಸಿಕ್ಕ ಮೇಲೆ ‘ಪಿಎಸ್ -ಒ ಎಲ್‌ಸ್ಟಾರ್ಟ್,ಇಟೈಮ್,ಟೈಮ್,ಸ್ಟ್ಯಾಟ್ -ಪಿ’ ಎಂದು ಬರೆದು ಮುಂದೆ ಆ ಸಂಖ್ಯೆಯನ್ನು ಕೊಡಿ. ‘ಎಲ್‌ಸ್ಟಾರ್ಟ್’ ಅದು ಶುರುವಾದ ದಿನ ಮತ್ತು ಗಂಟೆಯನ್ನು, ‘ಇಟೈಮ್’ ಈವರೆಗೆ ಕಳೆದ ಸಮಯವನ್ನು, ‘ಟೈಮ್’ ಅದರಲ್ಲಿ ಸಿಪಿಯು ನಿಜವಾಗಿ ದುಡಿದ ಸಮಯವನ್ನು ಹೇಳುತ್ತವೆ. ಬ್ಯಾಕಪ್‌ನಂಥ ಕೆಲಸದಲ್ಲಿ ಕೊನೆಯದು ಕಡಿಮೆಯಿರುವುದು ಸಹಜ. ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿದಾಗಲೂ ‘ಟೈಮ್’ ಒಂದು ಸೆಕೆಂಡೂ ಕದಲದೆ, ‘ಸ್ಟ್ಯಾಟ್’ನಲ್ಲಿ ‘ಡಿ’ ಅಂಟಿಕೊಂಡಿದ್ದರೆ ಪ್ರೋಸೆಸ್ ಅನ್ನು ಬಿಟ್ಟು ಬ್ಯಾಕಪ್ ಡಿಸ್ಕ್‌ನ ವಯರನ್ನು ನೋಡಿ.